ಫೋಟೊದ ಹಿಂದೆ ಬರೆದದ್ದು

ಕ್ಯಾಮೆರಾ ಇಲ್ಲದವನಿಗೆ ಪೇಚಿನ ಪ್ರಸಂಗ ಅಪರೂಪಕ್ಕೊಮ್ಮೆ ಬರುತ್ತದೆ. ಕ್ಯಾಮೆರಾ ಕುತ್ತಿಗೆಗೆ ನೇತುಹಾಕಿಕೊಂಡವನ ಮನೆಗೆ ಅದು ವಿಳಾಸ ಕೇಳಿಕೊಂಡೇ ಬರುತ್ತದೆ. ನನ್ನ ಮಾತು ನಂಬದವರು ಬೇಕಾದರೆ ಒಂದು ಕ್ಯಾಮೆರಾ ತೆಗೆದುಕೊಂಡು ನೋಡಿ.

ಐವತ್ತರ ದಶಕದ ಕೊನೆ. ನಾನು ಉಡುಪಿಯ ಒಂದು ಆಫೀಸಿನಲ್ಲಿ ಗುಮಾಸ್ತ. ಬೊಂಬಾಯಿಯಲ್ಲಿದ್ದ ಸಂಬಂಧಿಕರೊಬ್ಬರು ತಮಗೆ ಬೇಡವಾದ ಬಾಕ್ಸ್ ಕ್ಯಾಮೆರಾವನ್ನು ನನಗೆ ಕೊಟ್ಟಿದ್ದರು. ಅಂದಿನಿಂದ ನನ್ನ ತಲೆ ಕೆಟ್ಟಿತು ಎಂದು ಅಮ್ಮನ ಅಭಿಪ್ರಾಯ. ಅವಳಿಗೆ ಅದು ಕ್ಯಾಮೆರಾ ಅಲ್ಲ, "ಆ ಡಬ್ಬ". "ಭಾನುವಾರ ಬಂತೆಂದರೆ ಡಬ್ಬ ಹಿಡಿದು ಗುಡ್ಡೆ ಗುಡ್ಡೆ ತಿರುಗುವವನಿಗೆ ಯಾರು ಹೆಣ್ಣು ಕೊಡ್ತಾರೆ? ಈ ವರ್ಷ ನಿನ್ನ ಮದುವೆ ಆಗದಿದ್ದರೆ ಡಬ್ಬ ಬಾವಿಗೆ!" ಎಂದು ಅವಳು ಹೇಳಿಬಿಟ್ಟಿದ್ದಳು. ಅಮ್ಮ ಹೇಳಿದರೆ ಹೇಳಿದ್ದೇ. ನಮ್ಮ ಬಾವಿ ಆಳದ್ದು ಬೇರೆ. ನನಗೆ ಮದುವೆಯೂ ಬೇಕಿತ್ತು, ಕ್ಯಾಮೆರಾವೂ ಬೇಕಿತ್ತು.

ನಮ್ಮದು ನಾಲ್ವರ ಕೂಟ. ಪ್ರೌಢಶಾಲೆಯಲ್ಲಿ ಲೆಕ್ಕ ಕಲಿಸುವ ಮಾಸ್ಟ್ರು, ಉಡುಪಿಯ ಆಸ್ಪತ್ರೆಯ ಸರ್ಜನ್ ಡಾಕ್ಟ್ರು, ಉದ್ಯಾವರದಿಂದ ಸೈಕಲ್ಲಿನಲ್ಲಿ ಬರುವ ಪೊರ್ಬುಗಳು, ಮತ್ತೆ ನಾನು. ಪೊರ್ಬು ಎಂದರೆ ನಮ್ಮೂರ ಕಡೆ ಕೊಂಕಣಿ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವ ಹೆಸರು. ಉಡುಪಿ ಪೇಟೆಯಲ್ಲಿ ಅವರದ್ದು ರೇಡಿಯೋ ರಿಪೇರಿ ಅಂಗಡಿ. ಅಂಗಡಿಯ ಅಟ್ಟದಲ್ಲಿ ಕಿಟಕಿಗೆ ಕಂಬಳಿ ಹೊಡೆದು, ಬಲ್ಬಿಗೆ ಕೆಂಪು ಕಾಗದ ಸುತ್ತಿ, ಫೋಟೊಗಳನ್ನು ಔಷಧದ ನೀರಿನಲ್ಲಿ ಮುಳುಗಿಸಿ ತೊಳೆಯುತ್ತಿದ್ದೆವು. ಭಾನುವಾರ ಮಧ್ಯಾಹ್ನ ಒಬ್ಬೊಬ್ಬರು ತಮ್ಮ ಇಷ್ಟದ ಫೋಟೊ ತರುವುದು, ಉಳಿದವರು ಅದರ ಗುಣದೋಷ ಹೇಳುವುದು, ಎಲ್ಲರೂ ಸೇರಿ ಗೋಳಿಬಜೆ ತಿನ್ನುವುದು. ಗೋಳಿಬಜೆಯ ವಿಷಯದಲ್ಲಿ ಮಾತ್ರ ನಮಗೆ ಎಂದೂ ಭಿನ್ನಾಭಿಪ್ರಾಯ ಬಂದದ್ದಿಲ್ಲ.

ಹೊಗಳುವುದರಲ್ಲಿ ಮಾಸ್ಟ್ರಷ್ಟು ಜುಗ್ಗ ಮನುಷ್ಯ ಇನ್ನೊಬ್ಬರಿರಲಿಲ್ಲ. ಅವರ ಬಾಯಲ್ಲಿ ಇದ್ದದ್ದು ಎರಡೇ ತೀರ್ಪು. ಕೆಟ್ಟದ್ದಕ್ಕೆ "ಫಿಲ್ಮಿಗೆ ದಂಡ". ಒಳ್ಳೆಯದಕ್ಕೆ "ಅಡ್ಡಿಲ್ಲ". ಆ "ಅಡ್ಡಿಲ್ಲ" ನಮಗೆ ಚಿನ್ನದ ಪದಕ. ಅದು ಸಿಕ್ಕಿದ ದಿನ ಡಾಕ್ಟ್ರು ರೋಗಿಗಳ ಹತ್ತಿರವೂ ನಗುತ್ತಾ ಮಾತಾಡುತ್ತಿದ್ದರಂತೆ. ನನಗೆ ಅದು ಒಮ್ಮೆಯೂ ಸಿಕ್ಕಿರಲಿಲ್ಲ.

ಸಮುದ್ರ ಹೆಜಮಾಡಿಗೆ ಹೋದದ್ದು

ಮೊದಲು ನಾವು ಟೀಕೆಯನ್ನು ಬಾಯಿಂದಲೇ ಹೇಳುತ್ತಿದ್ದೆವು. ಅದನ್ನು ನಿಲ್ಲಿಸಿದ್ದು ಪೊರ್ಬುಗಳು ತೆಗೆದ ಕಾಪು ದೀಪಸ್ತಂಭದ ಫೋಟೊ.

ಕಾಪುವಿನ ಬಂಡೆಯ ಮೇಲೆ ಗಾಳಿಗೆ ಟೊಪ್ಪಿ ಹಾರಿಹೋದರೂ ಬಿಡದೆ ಅವರು ಆ ಫೋಟೊ ತೆಗೆದದ್ದು. ತಂದು ಮೇಜಿನ ಮೇಲಿಟ್ಟು, ಕೈಕಟ್ಟಿ ನಿಂತರು. ಫೋಟೊದಲ್ಲಿ ದೀಪಸ್ತಂಭ ಎಡಕ್ಕೆ ವಾಲಿತ್ತು.

ಡಾಕ್ಟ್ರು ಕನ್ನಡಕ ಏರಿಸಿ ನೋಡಿದರು. "ಬೆನ್ನುಮೂಳೆಯ ತೊಂದರೆ ಉಂಟು. ಒಂದು ಎಕ್ಸ್‌ರೇ ತೆಗೆಸುವುದು ಒಳ್ಳೆಯದು."

"ದೀಪಸ್ತಂಭ ಬಿಡಿ ಡಾಕ್ಟ್ರೇ, ಸಮುದ್ರ ನೋಡಿ. ತೆರೆ ಹೇಗೆ ಬಂದಿದೆ!" ಎಂದರು ಪೊರ್ಬುಗಳು.

ಮಾಸ್ಟ್ರು ಜೇಬಿನಿಂದ ಸ್ಕೇಲು ತೆಗೆದು ಸಮುದ್ರದ ಅಂಚಿಗೆ ಹಿಡಿದರು. "ಸಮುದ್ರವೂ ವಾಲಿದೆ ಮಾರಾಯ್ರೆ. ಈ ಲೆಕ್ಕದಲ್ಲಿ ಕಾಪುವಿನ ನೀರೆಲ್ಲ ಹರಿದು ಹೆಜಮಾಡಿಗೆ ಹೋಗಬೇಕು."

ಪೊರ್ಬುಗಳ ಮುಖ ಕೆಂಪಾಯಿತು. "ಹೋಗ್ಲಿ! ಹೆಜಮಾಡಿಯವರಿಗೆ ಮೀನು ಜಾಸ್ತಿ ಸಿಗ್ತದೆ. ನಿಮಗೆ ಎಂತ ಹೊಟ್ಟೆಯುರಿ?"

ಆಮೇಲೆ ಬಹಳ ದಿನ ಅಟ್ಟದ ಬಾಗಿಲಿಗೆ ಬೀಗ. ರಾಜಿಯಾದದ್ದು ಮಾಸ್ಟ್ರು ತಂದ ಒಂದು ಹೊಸ ನಿಯಮದ ಮೇಲೆ. ಇನ್ನು ಯಾರೂ ಬಾಯಿ ಬಿಡಕೂಡದು. ಫೋಟೊ ಕೈಯಿಂದ ಕೈಗೆ ಹೋಗಬೇಕು, ಪ್ರತಿಯೊಬ್ಬರೂ ತಮ್ಮ ಮಾತನ್ನು ಅದರ ಹಿಂದೆ ಪೆನ್ಸಿಲಿನಲ್ಲಿ ಬರೆಯಬೇಕು, ಹೆಸರು ಹಾಕಬಾರದು. ತೆಗೆದವನು ಮಾತ್ರ ಬರೆಯುವ ಹಾಗಿಲ್ಲ. ಎಲ್ಲರೂ ಒಪ್ಪಿದೆವು. ಪೊರ್ಬುಗಳು ಒಪ್ಪಿದ ಮೇಲೆ ಒಂದು ಮಾತು ಸೇರಿಸಿದರು: "ಸ್ಕೇಲು ಮಾತ್ರ ಮನೆಯಲ್ಲಿಟ್ಟು ಬನ್ನಿ."

ಬೀಗದ ಕೈಗೊಂಚಲು

ಡಾಕ್ಟ್ರಿಗೆ ಹಿಡಿದದ್ದು ಕಾರ್ಕಳದ ಗೊಮ್ಮಟನ ಹುಚ್ಚು. ಅಷ್ಟು ಎತ್ತರದ ಮೂರ್ತಿಯನ್ನು ಹತ್ತಿರದಿಂದಲೇ ಪೂರ್ತಿ ಹಿಡಿಯಬೇಕೆಂದು ಹಟ. ಮೊದಲ ಸಲ ಹೋಗಿ ತಂದ ಫೋಟೊದಲ್ಲಿ ಎದೆಯಿಂದ ಮೇಲೆ ಏನೂ ಇರಲಿಲ್ಲ. "ಸರ್ಜನ್ ತೆಗೆದದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ" ಎಂದು ಹಿಂದೆ ಯಾರೋ ಬರೆದಿದ್ದರು. ಯಾರು ಅಂತ ನಾನು ಹೇಳುವುದಿಲ್ಲ, ಪೆನ್ಸಿಲು ನನ್ನದೇ ಇತ್ತು.

ಎರಡನೆಯ ಸಲ ಡಾಕ್ಟ್ರು ಉಪಾಯ ಮಾಡಿದರು. ಮೂರ್ತಿಯ ಮುಂದೆ ಕಾದ ಬಂಡೆಯ ಮೇಲೆ ಅಂಗಾತ ಮಲಗಿ, ಕ್ಯಾಮೆರಾವನ್ನು ಎದೆಯ ಮೇಲೆ ಹಿಡಿದುಕೊಂಡರು. ಬಂಡೆಯ ಬಿಸಿಗೆ ಬೆನ್ನು ಸುಡುತ್ತಿತ್ತು. ಅತ್ತ ಜರುಗಿದರು, ಇತ್ತ ಹೊರಳಿದರು, ಕಾಲು ಝಾಡಿಸಿದರು.

ದರ್ಶನಕ್ಕೆ ಬಂದ ಹೆಂಗಸರು ನೋಡಿದರು. "ಅಯ್ಯೋ ದೇವರೇ, ಫಿಟ್ಸ್!" ಎಂದು ಒಬ್ಬಾಕೆ ಕೂಗಿದರು. ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತದೆಂದು ಇನ್ನೊಬ್ಬಾಕೆ ಸೊಂಟದಿಂದ ಬೀಗದ ಕೈಗೊಂಚಲು ಕಿತ್ತು ಡಾಕ್ಟ್ರ ಮುಷ್ಟಿಗೆ ತುರುಕಿದರು. ಮತ್ತೊಬ್ಬಾಕೆ ಮುಖಕ್ಕೆ ತಂಬಿಗೆ ನೀರು ಸುರಿದರು.

"ಬಿಡಿ, ಬಿಡಿ! ನನಗೆ ಎಂತದೂ ಆಗಲಿಲ್ಲ. ನಾನೇ ಡಾಕ್ಟ್ರು!" ಎಂದು ಇವರು ಬೊಬ್ಬೆ ಹೊಡೆದರು.

ನೀರು ಸುರಿದಾಕೆ ಪಕ್ಕದವರಿಗೆ ಮೆಲ್ಲನೆ ಹೇಳಿದರಂತೆ: "ಪಾಪ, ತಲೆಗೂ ಏರಿದೆ."

ಆ ಗಡಿಬಿಡಿಯಲ್ಲಿ ಬೆರಳು ತಾಗಿ, ಕ್ಯಾಮೆರಾ ಕ್ಲಿಕ್ ಎಂದು, ಒಂದು ಫೋಟೊ ಬಂದಿತ್ತು. ಡಾಕ್ಟ್ರು ಬೇಡ ಬೇಡ ಎಂದರೂ ಪೊರ್ಬುಗಳು ಅದನ್ನು ತೊಳೆದೇ ತೊಳೆದರು. ಎದುರಿಗೆ ಮನೆಯಷ್ಟು ದೊಡ್ಡ ಕೈಗೊಂಚಲು, ಅದರ ಹಿಂದೆ ಮಬ್ಬಾಗಿ ಗೊಮ್ಮಟ. ಭಾನುವಾರ ಅದರ ಹಿಂದೆ ಮಾಸ್ಟ್ರು ಬರೆದರು: "ಬೀಗದ ಕೈ ಸ್ಪಷ್ಟವಾಗಿ ಬಂದಿದೆ. ಹಿಂದೆ ನಿಂತವರು ಯಾರು?"

ಮಾಂಯ್ ಕಣ್ಣು ಮುಚ್ಚಿದ್ದು

ಪೊರ್ಬುಗಳ ತಾಯಿಯನ್ನು ನಾವೆಲ್ಲ ಮಾಂಯ್ ಎಂದೇ ಕರೆಯುವುದು. ಅವರ ಫೋಟೊ ಎಷ್ಟು ಸಲ ತೆಗೆದರೂ ಕಣ್ಣು ಮುಚ್ಚಿಯೇ ಇರುತ್ತಿತ್ತು. ಆಗ ಫಿಲ್ಮು ಸಿಗುವುದೇ ಕಷ್ಟ. ಪೊರ್ಬುಗಳು ಅಳುವುದೊಂದು ಬಾಕಿ.

ಕೊನೆಗೆ ನಾನೇ ಉದ್ಯಾವರಕ್ಕೆ ಹೋಗಿ ಕೇಳಿದೆ. "ಮಾಂಯ್, ಕ್ಲಿಕ್ ಅನ್ನುವಾಗ ಒಂದು ಕ್ಷಣ ಕಣ್ಣು ಬಿಟ್ಟಿರಲಿಕ್ಕೆ ನಿಮಗೆ ಎಂತ ಕಷ್ಟ?"

"ಕಷ್ಟ ಎಂತದೂ ಇಲ್ಲ ಮಗ," ಎಂದರು ಮಾಂಯ್. "ಆಗ ನಾನು ದೇವರಲ್ಲಿ ಬೇಡಿಕೊಳ್ಳುವುದು. ಇವನದ್ದು ಈ ಒಂದು ಫೋಟೊ ಆದರೂ ಸರಿ ಬರಲಿ ಅಂತ."

ಹುಡುಗ ಎಲ್ಲಿ?

ಇನ್ನು ನನ್ನ ಕಥೆ. ಮದುವೆಗೆಂದು ಅಮ್ಮ ನನ್ನನ್ನು ಮೊದಲು ಒಂದು ಸ್ಟುಡಿಯೋಕ್ಕೆ ಕಳಿಸಿದ್ದಳು. ಅಲ್ಲಿಯವನು ಕೈಚಳಕದ ಮನುಷ್ಯ. ನೆಗೆಟಿವ್ ತಿದ್ದಿ ತಿದ್ದಿ ನನ್ನ ಮೂಗು ನೇರ ಮಾಡಿದ, ಕೆನ್ನೆ ತುಂಬಿಸಿದ, ಹಣೆಯ ಮೇಲೆ ಇಲ್ಲದ ಕೂದಲು ಬೆಳೆಸಿದ. ಅಮ್ಮ ಫೋಟೊ ನೋಡಿ, "ನಿನ್ನ ಅಪ್ಪನೂ ಇಷ್ಟು ಚಂದ ಇರಲಿಲ್ಲ" ಎಂದು ಕಣ್ಣೊರೆಸಿಕೊಂಡಳು.

ಹುಡುಗಿಯ ಕಡೆಯವರು ಫೋಟೊ ಮೆಚ್ಚಿ ಮನೆಗೆ ಬಂದರು. ನಾನೇ ಬಾಗಿಲು ತೆರೆದೆ, ಕುಳ್ಳಿರಿಸಿದೆ, ಬೆಲ್ಲ ನೀರು ಕೊಟ್ಟೆ, ಎದುರು ಕುಳಿತೆ. ಮಳೆ, ಬೆಳೆ, ಬಸ್ಸು ಎಲ್ಲದರ ಮಾತು ಮುಗಿಯಿತು. ಆಮೇಲೆ ಹುಡುಗಿಯ ತಂದೆ ನನ್ನ ಹೆಗಲಿನ ಆಚೆ ಒಳಕೋಣೆಯ ಕಡೆ ಇಣುಕಿ, "ಹೊತ್ತಾಯಿತು. ಹುಡುಗನನ್ನು ಒಮ್ಮೆ ಕರೆಯಿರಿ" ಎಂದರು.

ನಾನೇ ಹುಡುಗ ಎಂದೆ. ಅವರು ಜೇಬಿನಿಂದ ಫೋಟೊ ತೆಗೆದು ನೋಡಿ ಕೇಳಿದರು: "ಹಾಗಾದರೆ ಫೋಟೊದಲ್ಲಿದ್ದವರು ನಿಮ್ಮ ತಮ್ಮನಾ? ಅವರಿಗೆ ಮದುವೆ ಆಗಿದೆಯಾ?"

ಎರಡು ದೋಷ

ಅದಾದ ಮೇಲೆ ಅಮ್ಮ ದಿನಾ ಬಾವಿಕಟ್ಟೆಯ ಹತ್ತಿರ ಹೋಗಿ ಬಗ್ಗಿ ನೋಡಲಿಕ್ಕೆ ಶುರು ಮಾಡಿದಳು. ನೀರು ಎಷ್ಟುಂಟು ನೋಡುವುದಂತೆ. ಅಷ್ಟರಲ್ಲಿ ಕಾರ್ಕಳದಿಂದ ಇನ್ನೊಂದು ಸಂಬಂಧ ಬಂತು. ನನ್ನ ಸೋದರಮಾವ ತಂದದ್ದು. ಹುಡುಗಿಯ ಕಡೆಯವರು ಫೋಟೊ ಬೇಕು ಎಂದರು.

"ಸ್ಟುಡಿಯೋ ಬೇಡ," ಎಂದರು ಮಾಸ್ಟ್ರು. "ಇದ್ದ ಹಾಗೆ ತೆಗೆಯುವ. ಕೆಟ್ಟರೆ ಸತ್ಯದಿಂದಲೇ ಕೆಡಲಿ."

ಪೊರ್ಬುಗಳು ನನ್ನನ್ನು ಮಣಿಪಾಲದ ಬೋಳು ಗುಡ್ಡದ ಮೇಲೆ ಬೆಳಗ್ಗಿನ ಬಿಸಿಲಿಗೆ ನಿಲ್ಲಿಸಿ ಫೋಟೊ ತೆಗೆದರು. ಭಾನುವಾರ ಅದರ ಒಂದು ಪ್ರತಿ ಮೇಜಿನ ಮೇಲೆ ಬಂತು. ನಿಯಮ ಎಂದರೆ ನಿಯಮ. ಡಾಕ್ಟ್ರು ಬರೆದರು, ಮಾಸ್ಟ್ರು ಬರೆದರು, ನನ್ನ ಮುಖ ನನಗೇ ಹಿಡಿಸದೆ ನಾನೂ ಬರೆದೆ. ತಪ್ಪೆಲ್ಲ ತಿದ್ದಿ ಬೇರೆ ಪ್ರತಿ ಮಾಡುವುದೆಂದು ಮಾತಾಯಿತು. ಈ ಪ್ರತಿಯನ್ನು ಮನೆಗೆ ತಂದು ಮೇಜಿನ ಮೇಲಿಟ್ಟು ಮಲಗಿದೆ.

ಬೆಳಗ್ಗೆ ನೋಡಿದರೆ ಮೇಜು ಖಾಲಿ.

"ಅಮ್ಮಾ, ಇಲ್ಲಿದ್ದ ಫೋಟೊ ಎಂತ ಆಯ್ತು?"

"ಎಂತ ಆಗುವುದು? ಮೂಲೆಗೆ ಕುಂಕುಮ ಹಚ್ಚಿ, ಲಕೋಟೆಗೆ ಹಾಕಿ ಮಾವನ ಕೈಯಲ್ಲಿ ಕೊಟ್ಟೆ. ಕಾರ್ಕಳದ ಬಸ್ಸು ಇಷ್ಟು ಹೊತ್ತಿಗೆ ಪರ್ಕಳ ದಾಟಿರಬೇಕು."

"ಹಿಂದೆ ನೋಡಿದ್ಯಾ?"

"ಫೋಟೊದ ಹಿಂದೆ ಎಂತ ಉಂಟು ನೋಡ್ಲಿಕ್ಕೆ? ನಿನ್ನ ಬೆನ್ನಾ?"

ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ಅಂದು ಆಫೀಸಿನಲ್ಲಿ ಏನು ಬರೆದೆನೋ ದೇವರಿಗೇ ಗೊತ್ತು. ಸಂಜೆ ಅಂಗಡಿಗೆ ಹೋಗಿ ಹೇಳಿದರೆ ಪೊರ್ಬುಗಳು ನಕ್ಕು ನಕ್ಕು ಸ್ಟೂಲಿನಿಂದ ಬಿದ್ದರು. ಮಾಸ್ಟ್ರಿಗೆ ಇದ್ದ ಚಿಂತೆ ಒಂದೇ. "ನನ್ನ ಅಕ್ಷರ ಅವರಿಗೆ ಓದಲಿಕ್ಕೆ ಆಗಬಹುದಲ್ಲ?"

ಮರುದಿನ ಸಂಜೆ ಮಾವ ಬಂದರು. ಕೈಯಲ್ಲಿ ಅದೇ ಲಕೋಟೆ. ಫೋಟೊ ವಾಪಸು ಬಂತೆಂದರೆ ಸಂಬಂಧ ಬೇಡ ಎಂದೇ ಅರ್ಥ. ಅಮ್ಮ ಸೀದಾ ಒಳಗೆ ಹೋಗಿ, ಗೂಟದಲ್ಲಿದ್ದ ಕ್ಯಾಮೆರಾ ತೆಗೆದು, ಬಾವಿಕಟ್ಟೆಯ ಕಡೆ ಹೊರಟಳು. ನಾನು ಅಡ್ಡ ನಿಂತೆ.

"ಸ್ವಲ್ಪ ತಡಿ ಅಕ್ಕ, ಪೂರ್ತಿ ಕೇಳು," ಎಂದು ಮಾವ ಜಗಲಿಯಲ್ಲಿ ಕುಳಿತು ಬೆವರು ಒರೆಸಿಕೊಂಡರು. "ಫೋಟೊ ಎದುರಿನಿಂದ ಎಲ್ಲರಿಗೂ ಒಪ್ಪಿಗೆಯೇ ಆಗಿತ್ತು. ಆ ಹುಡುಗಿಯ ಅಜ್ಜ, ಊರಿನ ಹೆಸರು ಬರೆದಿದೆಯೋ ನೋಡ್ತೇನೆ ಅಂತ ತಿರುಗಿಸಿದರು. ಆಮೇಲೆ ಮನೆಯವರೆಲ್ಲರ ಎದುರು ದೊಡ್ಡದಾಗಿ ಓದಿದರು."

ಅಜ್ಜ ಓದಿದ್ದು ಇದು. ಡಾಕ್ಟ್ರದ್ದು: "ಹಿನ್ನೆಲೆ ಲಾಯ್ಕ್ ಉಂಟು. ಎದುರಿಗೆ ನಿಂತದ್ದು ಇಲ್ಲದಿದ್ದರೆ ಇನ್ನೂ ಲಾಯ್ಕ್. ಮುಖ ಬಿಳಿಚಿದೆ, ಇನ್ನೂ ಸ್ವಲ್ಪ ಹೊತ್ತು ಮುಳುಗಿಸಿ ಇಡಬೇಕಿತ್ತು." ಮಾಸ್ಟ್ರದ್ದು: "ಎರಡು ದೋಷ ಉಂಟು. ಒಂದು, ಎಡಗಿವಿ ಅಡ್ಡ ಬರುತ್ತದೆ. ಎರಡು, ಕುತ್ತಿಗೆಯ ಹತ್ತಿರ ಕತ್ತರಿಸಬೇಕು." ಕೊನೆಗೆ ನನ್ನದು: "ಇದನ್ನು ಹೊರಗಿನವರಿಗೆ ತೋರಿಸಬಾರದು."

"ಜಾತಕದಲ್ಲಿ ದೋಷ ಇಲ್ಲ ಅಂದಿದ್ದಿರಲ್ಲ, ಇಲ್ಲಿ ಎರಡುಂಟಲ್ಲ ಅಂತ ಅಜ್ಜ ನನ್ನನ್ನು ಹಿಡಿದುಕೊಂಡರು," ಎಂದರು ಮಾವ. "ಹುಡುಗನನ್ನು ಮುಳುಗಿಸ್ಲಿಕ್ಕೆ ಹೊರಟವರು ಯಾರು, ಪೊಲೀಸ್ ಕೇಸು ಉಂಟಾ ಅಂತಲೂ ಕೇಳಿದರು. ನಾನು ಎಂತ ಹೇಳ್ಲಿ? ಚಪ್ಪಲಿ ಹುಡುಕಿದೆ."

"ಮತ್ತೆ?" ಎಂದಳು ಅಮ್ಮ. ಕ್ಯಾಮೆರಾ ಇನ್ನೂ ಅವಳ ಕೈಯಲ್ಲೇ ಇತ್ತು.

"ಒಳಗಿನಿಂದ ಹುಡುಗಿ ಬಂದಳು. ಫೋಟೊ ತೆಗೆದುಕೊಂಡು ಎದುರು ನೋಡಿದಳು, ಹಿಂದೆ ನೋಡಿದಳು, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. 'ಅಜ್ಜ, ದೋಷವೆಲ್ಲ ಮೊದಲೇ ಬರೆದು ಕಳಿಸಿದ್ದಾರೆ. ಇನ್ನು ಮದುವೆ ಆದ ಮೇಲೆ ಹುಡುಕುವ ಕೆಲಸ ನನಗೆ ಉಳಿಯಲಿಲ್ಲ' ಅಂದಳು. ಪೆನ್ನು ತರಿಸಿ ಎಂತದೋ ಬರೆದು ಕೊಟ್ಟಳು. ನೀನೇ ನೋಡು ಮಾರಾಯ."

ಲಕೋಟೆ ಬಿಡಿಸಿ ಫೋಟೊ ತಿರುಗಿಸಿದೆ. ನನ್ನ ಪೆನ್ಸಿಲ್ ಸಾಲಿನ ಕೆಳಗೆ ನೀಲಿ ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ ಒಂದೇ ಪದ ಇತ್ತು.

"ಅಡ್ಡಿಲ್ಲ."

ನಾನು ಕುಣಿದದ್ದು ನೋಡಿ ಅಮ್ಮ ಕ್ಯಾಮೆರಾವನ್ನು ತಾನೇ ಒರೆಸಿ ಗೂಟಕ್ಕೆ ಹಾಕಿದಳು. ಸಂತೋಷ ತಡೆಯಲಾರದೆ ಫೋಟೊ ಹಿಡಿದು ಮಾಸ್ಟ್ರ ಮನೆಗೆ ಓಡಿದೆ. ಅವರು ಆ ಪದವನ್ನು ಬಹಳ ಹೊತ್ತು ನೋಡಿ, "ಈ ಮುಖಕ್ಕೆ ಅಡ್ಡಿಲ್ಲವಾ? ಬಹಳ ಧಾರಾಳದ ಕೈ" ಎಂದರು.

ನಿಶ್ಚಿತಾರ್ಥದ ದಿನ ಕಾರ್ಕಳದ ಆ ಮನೆಯ ಅಂಗಳಕ್ಕೆ ನಮ್ಮ ಕೂಟದ ಉಳಿದ ಮೂವರೂ ಕ್ಯಾಮೆರಾ ಹಿಡಿದು ಬಂದಿದ್ದರು. ವೀಳ್ಯ ಬದಲಾಯಿಸುವ ಮೊದಲು ಅಜ್ಜ ಎದ್ದು ನಿಂತು, ಸುತ್ತ ನೋಡಿ, ಗಂಭೀರವಾಗಿ ಕೇಳಿದರು: "ಈ ಸಂಬಂಧಕ್ಕೆ ಯಾರದ್ದಾದರೂ ಅಡ್ಡಿ ಉಂಟಾ?"

"ಉಂಟು!" ಎಂದು ಗಟ್ಟಿಯಾಗಿ ಒಂದು ಸ್ವರ ಬಂತು.

ಅಮ್ಮನ ಕೈಯಿಂದ ವೀಳ್ಯದೆಲೆ ಜಾರಿತು. ತಿರುಗಿ ನೋಡಿದರೆ ಮಾಸ್ಟ್ರು! ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕ್ಯಾಮೆರಾಕ್ಕೆ ಅಂಟಿಸಿಕೊಂಡಿದ್ದಾರೆ. ಲೋಕದ ಪರಿವೆಯೇ ಇಲ್ಲ.

"ಹುಡುಗನ ಎಡಗಿವಿ ಅಡ್ಡ ಬರ್ತಾ ಉಂಟು," ಎಂದರು.

ಆಗ ನನ್ನ ಪಕ್ಕದಿಂದ, ತಗ್ಗಿಸಿದ ತಲೆ ಎತ್ತದೆ, ಹುಡುಗಿಯೇ ಉತ್ತರ ಕೊಟ್ಟಳು.

"ಅದು ಹಿಂದೆಯೇ ಬರೆದಿತ್ತಲ್ಲ ಮಾಸ್ಟ್ರೇ. ಅಡ್ಡಿಲ್ಲ."