ನಮ್ಮ ಭಾವನ ಲಾದಿ ಮೆಟ್ಟಿಲು

ನಮ್ಮ ಭಾವನಿಗೆ ನಾಳೆಯೇ ಸ್ವರ್ಗ ಸಿಕ್ಕಿತೆಂದು ಇಟ್ಟುಕೊಳ್ಳಿ. ಬಾಗಿಲಲ್ಲಿ ದೇವತೆಗಳು ಹಾರ ಹಿಡಿದು ನಿಂತಿರುತ್ತಾರೆ. ಭಾವ ಅವರ ಮುಖವನ್ನೂ ನೋಡುವುದಿಲ್ಲ! ಪೈಜಾಮ ಮೇಲೆತ್ತಿ ಕುಕ್ಕರಗಾಲಲ್ಲಿ ಕೂತು, ಜೇಬಿನಿಂದ ಒಂದು ನಾಣ್ಯ ತೆಗೆದು, ಸ್ವರ್ಗದ ನೆಲವನ್ನು ಟಕ್ ಟಕ್ ಎಂದು ಬಡಿದು, ಕಿವಿಗೊಟ್ಟು ಕೇಳಿ, "ಇದು ಪೊಳ್ಳು ಐತ್ರಿ. ಯಾರು ಹಾಕಿದ್ದು?" ಎನ್ನುತ್ತಾರೆ. ಇಂದ್ರನಾದರೂ ಏನು ಉತ್ತರ ಕೊಟ್ಟಾನು?

ಮುಂಬಯಿಯಲ್ಲಿ ನೆಲಕ್ಕೆ ಹಾಕುವ ಟೈಲ್ಸಿಗೆ ಲಾದಿ ಎನ್ನುತ್ತಾರೆ. ಲಾದಿಯ ಕೆಳಗೆ ಸಿಮೆಂಟು ಸರಿಯಾಗಿ ಕೂರದೆ ಗಾಳಿ ಉಳಿದುಬಿಟ್ಟರೆ, ಬಡಿದಾಗ ಖಾಲಿ ಡಬ್ಬಿಯ ಸದ್ದು ಬರುತ್ತದೆ. ಅದೇ ಪೊಳ್ಳು. ಹಾಗೆಂದು ಭಾವ ಗಾರೆ ಕೆಲಸದವರೇನಲ್ಲ. ವಿಕ್ರೋಳಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಕೂತು ನಿವೃತ್ತರಾದವರು. ಈ ಹುಚ್ಚು ಎಲ್ಲಿಂದ ಅಂಟಿತೋ ಯಾರಿಗೂ ತಿಳಿಯದು. ನನ್ನ ಅಕ್ಕನನ್ನು ಕೇಳಿದರೆ, "ಮದುವೆ ಮಂಟಪದಲ್ಲೂ ನೆಲವನ್ನೇ ನೋಡ್ತಿದ್ರು. ನಾಚಿಕೆ ಅಂದ್ಕೊಂಡಿದ್ದೆ!" ಎನ್ನುತ್ತಾಳೆ.

ಸಾಂತಾಕ್ರೂಜ್‌ನಲ್ಲಿ ನನ್ನ ಮೈದುನ ಹೊಸ ಫ್ಲ್ಯಾಟು ಕೊಂಡಾಗ ಗೃಹಪ್ರವೇಶಕ್ಕೆ ಭಾವನೂ ಬಂದಿದ್ದರು. ಪೂಜೆ ಅರ್ಧಕ್ಕೆ ಬಂದಿತ್ತು. ಇವರು ಮಂಡಿಯೂರಿ ಮೆಲ್ಲಗೆ ಸರಿಯುತ್ತ ಸರಿಯುತ್ತ ಪುರೋಹಿತರ ಬಳಿ ತಲುಪಿದರು. ಪ್ರಸಾದಕ್ಕೆ ಅವಸರ ಮಾಡುತ್ತಿದ್ದಾರೆಂದು ನಾವೆಲ್ಲ ತಿಳಿದೆವು. "ಆಚಾರ್ರ, ಸ್ವಲ್ಪ ಎದ್ದು ನಿಲ್ರಿ. ನಿಮ್ಮ ಮಣಿ ಕೆಳಗ ಪೊಳ್ಳು ಬರ್ಲಿಕ್ಕತ್ತೈತಿ!" ಪುರೋಹಿತರು ಮಂತ್ರ ನಿಲ್ಲಿಸಿ ಮಣೆಯಿಂದ ಎದ್ದೇಬಿಟ್ಟರು. ಮೈದುನನ ಮುಖ ನೀವು ನೋಡಬೇಕಿತ್ತು. ಅಂದಿನಿಂದ ನಮ್ಮ ಬಳಗದಲ್ಲಿ ಭಾವ ಬರುತ್ತಾರೆಂದರೆ ಮನೆಯವರು ನೆಲಕ್ಕೆಲ್ಲ ಜಮಖಾನ ಹಾಸಿಬಿಡುತ್ತಾರೆ. ಭಾವ ಅದನ್ನು ಮರ್ಯಾದೆ ಎಂದೇ ತಿಳಿದಿದ್ದಾರೆ!

ನಾನೋ, ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತಳಾದವಳು. ಹಾಸಿಗೆಯ ಹೊದಿಕೆಯ ಮೂಲೆಯನ್ನು ನೆಟ್ಟಗೆ ಮಡಚದಿದ್ದರೆ ಆ ಹಾಸಿಗೆಯಲ್ಲಿ ಮಲಗಿದವರಿಗೆ ಕಾಯಿಲೆ ವಾಸಿಯಾಗದು ಎಂದು ನಂಬಿದವಳು. ಬೆಳಿಗ್ಗೆ ಹಿಡಿದ ಕೆಲಸ ಸಂಜೆಗೆ ಮುಗಿದಿರಬೇಕು. ಭಾವನೂ ಹಿಡಿದ ಕೆಲಸವನ್ನು ಬಿಡುವವರಲ್ಲ, ನಿಜ. ಮುಗಿಸುವವರೂ ಅಲ್ಲ! ನಾವು ಮೈಸೂರು ಕಡೆಯವರು, ಅವರು ಧಾರವಾಡದವರು. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. "ಬರ್ರಿ ಮೇಟ್ರನ್ ಬಾಯಾರ, ನಮ್ಮ ವಾರ್ಡಿನ ತಪಾಸಣಿ ಮಾಡ್ರಿ" ಎಂದೇ ಬಾಗಿಲು ತೆರೆಯುತ್ತಾರೆ.

ಆ ಬಾಗಿಲು ಇರುವುದು ದಹಿಸರ್‌ನಲ್ಲಿ, ರೈಲು ಹಳಿಗೆ ಹತ್ತಿರದ ಹಳೆಯ ಸಾಲುಮನೆಗಳ ಒಂದು ಚಾಳಿನ ತುದಿಯಲ್ಲಿ. ಕೆಳಗೆ ಕೋಣೆ, ಅಡುಗೆಮನೆ. ಕೋಣೆಯ ಮೂಲೆಯಿಂದ ಮರದ ಮೆಟ್ಟಿಲು ಹತ್ತಿ ಅರ್ಧಕ್ಕೆ ಹೋದರೆ ಒಂದು ತಿರುವು. ಅಲ್ಲಿಂದ ಮುಂದೆ ಕಬ್ಬಿಣದ ಮೆಟ್ಟಿಲು. ಅದರ ತುದಿಯಲ್ಲಿ ಗಿಡ್ಡ ಬಾಗಿಲು, ಬಾಗಿಲಾಚೆ ಟೆರೇಸು.

ಆ ಟೆರೇಸೇ ಅಕ್ಕನ ಅರಮನೆ. ಮಲ್ಲಿಗೆಯ ಕುಂಡಗಳು, ಒಂದು ಪ್ಲಾಸ್ಟಿಕ್ ಸ್ಟೂಲು. ದಿನದ ಅಡುಗೆ, ತಿಂಡಿ, ನೀರು ತುಂಬಿಸುವುದು ಎಲ್ಲ ಮುಗಿಸಿ ಸಂಜೆ ಅಲ್ಲಿ ಹೋಗಿ ಕೂತು ಲೋಕಲ್ ರೈಲುಗಳನ್ನು ನೋಡುತ್ತಾಳೆ. ಅದರಲ್ಲೇನು ನೋಡುವುದಿದೆ ಎಂದು ಒಮ್ಮೆ ಕೇಳಿದೆ. "ಅಷ್ಟು ಜನ ನಿಂತ್ಕೊಂಡು, ನೇತಾಡ್ಕೊಂಡು ಹೋಗ್ತಿರ್ತಾರೆ ಪುಟ್ಟಿ. ನಾನು ಕೂತ್ಕೊಂಡಿರ್ತೀನಿ. ಜೊತೆಗೆ ಗಾಳಿ ಬೇರೆ! ಮುಂಬೈನಲ್ಲಿ ಇದಕ್ಕಿಂತ ಸುಖ ಏನಿದೆ ಹೇಳು?" ಎಂದಳು.

ಒಂದು ಸಂಜೆ ಸೆರಗಿನಲ್ಲಿ ಮಲ್ಲಿಗೆ ಮೊಗ್ಗು ತುಂಬಿಕೊಂಡು ಇಳಿಯುವಾಗ ಅಕ್ಕ ಜಾರಿದಳು. ಮರದ ಮೆಟ್ಟಿಲುಗಳು ಅಂಚು ಸವೆದು ಸಾಬೂನಿನಂತಾಗಿದ್ದವು. ಮೂಳೆ ಮುರಿಯಲಿಲ್ಲ, ಆದರೆ ಸೊಂಟ ಹಿಡಿದುಕೊಂಡು ವಾರಗಟ್ಟಲೆ ಮಲಗಿದಳು. ನಾನು ನೋಡಲು ಹೋದಾಗ ಭಾವ ಮೆಟ್ಟಿಲ ಮೇಲೆ ಕೂತು ಮರವನ್ನು ಬಡಿಯುತ್ತಿದ್ದರು.

"ಭಾವ, ಒಂದು ಕಡೆ ಹಿಡಿದುಕೊಳ್ಳೋಕೆ ಕಂಬಿ ಹಾಕಿಸಿ, ಮೆಟ್ಟಿಲಿಗೆ ರಬ್ಬರ್ ಚಾಪೆ ಹಾಸಿಬಿಡಿ. ಒಂದು ದಿನದ ಕೆಲಸ" ಎಂದೆ.

"ರಬ್ಬರ್ ಚಾಪಿ? ಇದೇನು ಬಸ್ಸೇನ್ರಿ, ಮೇಟ್ರನ್ ಬಾಯಾರ? ಆಕಿ ದಿನಾ ಹತ್ತೂ ಮೆಟ್ಟಲ ಇವು. ಲಾದೀನ ಬೇಕು. ಮುಂದ ಆಕಿ ಜನ್ಮದಾಗ ಜಾರಬಾರದು, ಹಂಗ ಮಾಡ್ತೀನಿ."

ಅಂದೇ ಮೆಟ್ಟಿಲಿಗೆ ಅಡ್ಡಲಾಗಿ ತೆಂಗಿನ ನಾರಿನ ಹಗ್ಗ ಬಿತ್ತು. ಹಗ್ಗಕ್ಕೆ ಒಂದು ರಟ್ಟು: "ಕೆಲಸ ನಡೆದಿದೆ." ಭಾವ ಮಾತ್ರ ಹಗ್ಗ ದಾಟಿ ಹೋಗಿ ಕುಂಡಗಳಿಗೆ ನೀರು ಹಾಕಿ ಬರುವುದು, ಅದೂ ನೆನಪಾದರೆ.

ಮೊದಲಿಗೆ ಒಬ್ಬ ಲಾದಿ ಹಾಕುವವನನ್ನು ಕರೆಸಿದರು. ಅವನು ಚಹಾ ಕುಡಿದ, ಮೆಟ್ಟಿಲನ್ನು ನೋಡಿದ, ಭಾವನನ್ನು ನೋಡಿದ. "ಕಾಕಾ, ಲಾಕಡಾವರ್ ಲಾದೀ?" ಮರದ ಮೇಲೆ ಲಾದಿಯೇ ಎಂದು ಮರಾಠಿಯಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ಚಪ್ಪಲಿ ಹಾಕಿಕೊಂಡ. "ಅವಗ ಎದಿ ಇಲ್ಲ" ಎಂದು ಭಾವ ತಾವೇ ಕರಣೆ ಹಿಡಿದರು. ಮರದ ಮೇಲೆ ನೇರವಾಗಿ ಸಿಮೆಂಟು ಬಳಿದು, ಗುಲಾಬಿ ಹೂವಿನ ಹೊಳೆಯುವ ಲಾದಿ ಕೂರಿಸಿದರು. ಬೇಸಿಗೆ ಪೂರ್ತಿ ಅವು ಚೆನ್ನಾಗಿಯೇ ಇದ್ದವು. "ಎಲ್ಲಿ, ಒಂದರೆ ಪೊಳ್ಳು ತೋರಸ್ರಿ!" ಎಂದು ಬಂದವರಿಗೆಲ್ಲ ನಾಣ್ಯ ಕೊಟ್ಟರು. ಆದರೆ ಹಗ್ಗ ಬಿಚ್ಚಲಿಲ್ಲ. ಇನ್ನೂ ಕಬ್ಬಿಣದ ಭಾಗ ಬಾಕಿ ಇತ್ತಲ್ಲ!

ಮಳೆ ಹಿಡಿಯಿತು. ಮುಂಬಯಿಯ ಮಳೆಯಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ, ಮರ ಸುಮ್ಮನಿದ್ದೀತೇ? ಉಬ್ಬಿತು. ಲಾದಿಗೆ ಉಬ್ಬಲು ಬರುವುದಿಲ್ಲ. ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಒಂದೊಂದಾಗಿ ಮೇಲೆದ್ದವು. ನಾನೂ ಅಲ್ಲೇ ಇದ್ದ ಒಂದು ಮಧ್ಯಾಹ್ನ ಊಟ ಮಾಡುತ್ತಿರುವಾಗ ಒಂದು ಲಾದಿ ಕಳಚಿ, ಮೆಟ್ಟಿಲಿನಿಂದ ಮೆಟ್ಟಿಲಿಗೆ ಕುಟ್ಟುತ್ತ ಇಳಿದು ಬಂತು. ಅಕ್ಕ ಅಡುಗೆಮನೆಯಿಂದಲೇ ಕೂಗಿದಳು: "ರೀ, ನಿಮ್ಮ ಲಾದಿ ಇಳಿದು ಬರ್ತಿದೆ. ತಟ್ಟೆ ಹಾಕ್ಲಾ?"

ಭಾವ ಸೋಲುವವರೇ? ಮರ ಉಬ್ಬಿ ಕುಗ್ಗುತ್ತದೆ, ಲಾದಿ ಹಾಗೆ ಮಾಡದು ಎಂದು ಅವರಿಗೆ ಅರ್ಥವಾಯಿತು. ನಡುವೆ ಸಿಮೆಂಟಿನ ಹಲಗೆಯನ್ನು ಸ್ಕ್ರೂ ಹಾಕಿ ಕೂರಿಸಬೇಕು, ಮೇಲೆ ಬಗ್ಗುವ ಗುಣದ ಅಂಟು ಹಚ್ಚಬೇಕು ಎಂದು ಕಂಡುಕೊಂಡರು. ಇಲ್ಲಿಯವರೆಗೆ ಎಲ್ಲ ಸರಿಯೇ. ಆದರೆ ಹಲಗೆ ಕೂರಿಸಿದ ಮೇಲೆ ಹೊಸ ಯೋಚನೆ ಬಂತು. ಹೊಳೆಯುವ ಲಾದಿಯ ಮೇಲೆ ಒದ್ದೆ ಕಾಲು ಜಾರುತ್ತದಲ್ಲ? ಲಾದಿ ಬದಲಿಸಬೇಕಿತ್ತು ಎನ್ನುತ್ತೀರಾ? ಅದು ನೀವು, ನಾನು. ಭಾವ ಲಾದಿಗಳನ್ನು ಕವುಚಿ ಹಾಕಿದರು! ಹೊಳೆಯುವ ಮುಖ ಕೆಳಗೆ, ಗೀರುಗೀರಾದ ಒರಟು ಬೆನ್ನು ಮೇಲೆ.

ವಿಕ್ರೋಳಿಯಿಂದ ಬಂದ ಅವರ ಮಗಳು ಬಾಗಿಲಲ್ಲೇ ನಿಂತುಬಿಟ್ಟಳು. "ಪಪ್ಪಾ, ಇದು ಉಲ್ಟಾ ಅಲ್ವಾ?"

"ಉಲ್ಟಾ ಅಲ್ಲವ್ವ, ವಿಚಾರ ಮಾಡಿ ಹಾಕೇನಿ. ಎಲ್ಲಿ, ಜಾರಿ ತೋರ್ಸು!"

"ಹೂವೆಲ್ಲ ಮರಕ್ಕೆ ತೋರಿಸ್ತಿದ್ದಾರೆ ಕಣೆ" ಎಂದಳು ಅಕ್ಕ. "ಪಾಪ, ಅದೂ ಗಿಡವಾಗಿದ್ದದ್ದು ತಾನೆ?"

ನುಣುಪು ಮುಖಕ್ಕೆ ಅಂಟು ಹಿಡಿಯಲಿಲ್ಲ. ಅವೂ ಎದ್ದವು. ಅಕ್ಕ ಹಗ್ಗದ ಈಚೆ ನಿಂತು, "ಯಾವಾಗ ಬಿಚ್ಚುತ್ತೀರಿ?" ಎಂದು ಕೇಳುವಳು. "ಇನ್ನೊಂದು ವಾರ" ಎನ್ನುವರು ಭಾವ. ಆ ವಾರ ಬರಲೇ ಇಲ್ಲ. ಅಕ್ಕ ಜಾರಬಾರದೆಂದು ಶುರುವಾದ ಮೆಟ್ಟಿಲು ಅಕ್ಕನನ್ನು ಕೆಳಗೇ ಕೂರಿಸಿತ್ತು. ಮಲ್ಲಿಗೆ ಹೇಗಿದೆಯೋ ಎಂದು ಅವಳು ನನ್ನನ್ನು ಕೇಳುತ್ತಿದ್ದಳು. ನಾನು ಎರಡು ಕುಂಡ ಕೆಳಗೆ ತರಿಸೋಣವೆಂದೆ. "ಬೇಡ ಪುಟ್ಟಿ, ಕೆಳಗೆ ಬಂದ್ರೆ ಅದು ಮಲ್ಲಿಗೆ ಗಿಡ ಅಷ್ಟೇ" ಎಂದಳು.

ಕಬ್ಬಿಣದ ಕಥೆ ಬೇರೆ. ಹಳೆಯ ಬಣ್ಣ ಕೆರೆದು, ಉಜ್ಜಿ, ಬಲವಾದ ಅಂಟಿನಿಂದಲೇ ಲಾದಿ ಹಾಕಿದರು. ಆದರೆ ಪ್ರತಿ ವಿರಾರ್ ಲೋಕಲ್‌ಗೂ ಕಬ್ಬಿಣ ನಡುಗಿ, ಚಳಿಗೆ ಹಲ್ಲು ಕಟಕಟಿಸಿದ ಹಾಗೆ ಮೆಟ್ಟಿಲುಗಳು ಸದ್ದು ಮಾಡತೊಡಗಿದವು. ಭಾವ ಟೆರೇಸಿನ ಅಂಚಿಗೆ ಹೋಗಿ ರೈಲಿಗೇ ಬೈದರು: "ಸ್ವಲ್ಪ ಸಾವಕಾಶ ಹೋಗಾಕ ಏನಾಗೈತಿ ನಿಮಗ!" ಜೊತೆಗೆ ಲಾದಿಯ ದಪ್ಪಕ್ಕೆ ಕೊನೆಯ ಮೆಟ್ಟಿಲು ಎತ್ತರವಾಗಿ, ಮೊದಲೇ ಗಿಡ್ಡವಾಗಿದ್ದ ಟೆರೇಸಿನ ಬಾಗಿಲು ಇನ್ನೂ ಗಿಡ್ಡವಾಯಿತು. ತಪಾಸಣೆಗೆಂದು ಹಗ್ಗ ದಾಟಿ ಹತ್ತಿದ ಮೇಟ್ರನ್ ಬಾಯಾರ ಹಣೆಯೇ ಮೊದಲು ಬಡಿಯಿತು! ಅಂದಿನಿಂದ ಯಾರೇ ಹತ್ತಲಿ, ಮೇಲಿಂದ ಭಾವನ ಕೂಗು: "ತಲಿ ಬಗ್ಗಸ್ರಿ!"

ಮುಂದಿನ ಮಳೆಗಾಲದ ಒಂದು ಬೆಳಿಗ್ಗೆ ಅಕ್ಕನ ಎಡಗೈಯಿಂದ ಲೋಟ ಜಾರಿತು. ತುಟಿ ವಾಲಿತು. ಆಸ್ಪತ್ರೆ, ಔಷಧ, ವ್ಯಾಯಾಮ ಎಲ್ಲವನ್ನೂ ನಾನೇ ನಿಂತು ನೋಡಿಕೊಂಡೆ, ಒಂದೂ ತಪ್ಪಲಿಲ್ಲ. ಮಾತು ಬಂತು, ನಗು ಬಂತು. ಎಡಗಾಲಿಗೆ ಮಾತ್ರ ಬಲ ಬರಲಿಲ್ಲ. ಟೆರೇಸಿಗೆ ಎತ್ತಿಕೊಂಡು ಹೋಗೋಣವೆಂದರೆ ಆ ಇಕ್ಕಟ್ಟಿನ ತಿರುವಿನಲ್ಲಿ ಕುರ್ಚಿ ತಿರುಗದು. ಅಕ್ಕನನ್ನು ಕೋಣೆಯ ಮಂಚದಲ್ಲಿ, ಮೆಟ್ಟಿಲ ಬುಡದಲ್ಲೇ ಮಲಗಿಸಿದೆವು.

ಭಾವ ಕೆಲವು ದಿನ ನಾಣ್ಯವನ್ನು ಮುಟ್ಟಲಿಲ್ಲ. ಆಮೇಲೆ ಒಂದು ದಿನ ಹಾಕಿದ್ದ ಲಾದಿಯನ್ನೆಲ್ಲ ಕಿತ್ತು, ಮೊದಲಿನಿಂದ ಶುರು ಮಾಡಿದರು. ಈ ಸಲ ಒಂದು ತಪ್ಪೂ ಇಲ್ಲ. ಮರದ ಮೇಲೆ ಹಲಗೆ, ಹಲಗೆಯ ಮೇಲೆ ಸರಿಯಾದ ಅಂಟು, ಮೇಲೆ ಒರಟು ಮೈಯ ಸಾದಾ ಲಾದಿ, ಅಂಚಿಗೆ ಪಟ್ಟಿ, ಗೋಡೆಗೆ ಕಂಬಿ. ಕಬ್ಬಿಣದ ಲಾದಿಗಳ ಸಂದಿಗೆ ರಬ್ಬರಿನಂಥ ಮೇಣ ತುಂಬಿ ಕಟಕಟ ನಿಲ್ಲಿಸಿದರು. ಹೊತ್ತಿಗೆ ಸರಿಯಾಗಿ ಶುರು, ಹೊತ್ತಿಗೆ ಸರಿಯಾಗಿ ಮುಕ್ತಾಯ. ನನ್ನ ವಾರ್ಡಿನಲ್ಲೂ ಅಂಥ ಶಿಸ್ತು ಇರಲಿಲ್ಲ. ನೋಡಿ ನನಗೆ ಸಂತೋಷವಾಗಬೇಕಿತ್ತು. ಈ ಶಿಸ್ತು ಎರಡು ಮಳೆಗಾಲ ಮೊದಲೇ ಬರಬಾರದಿತ್ತೇ?

"ಭಾವ, ಅಕ್ಕ ಇನ್ನು ಹತ್ತಲ್ಲ" ಎಂದೆ, ಆಸ್ಪತ್ರೆಯಲ್ಲಿ ಹೇಳುವ ದನಿಯಲ್ಲೇ.

ಅವರು ಅಂಟು ಸವರುತ್ತಲೇ ಇದ್ದರು. "ಗೊತ್ತೈತ್ರಿ. ಆದ್ರ ಮೆಟ್ಟಲ ತಯಾರ ಇರ್ಬೇಕಲ್ಲ? ಒಂದಿನ ಆ ಕಾಲಿಗೇ ಮನಸ್ಸು ಬಂದ್ರ?"

ಮುಗಿದ ದಿನ ಹಗ್ಗ ಬಿಚ್ಚಿ, ಅಕ್ಕನನ್ನು ನಾವಿಬ್ಬರೂ ಹಿಡಿದು ನಿಲ್ಲಿಸಿದೆವು. ಅವಳು ಬಲಗಾಲನ್ನು ಮೊದಲ ಮೆಟ್ಟಿಲ ಮೇಲಿಟ್ಟು ಒತ್ತಿ ನೋಡಿದಳು. "ಗಟ್ಟಿ ಇದೆ ರೀ" ಎಂದಳು. ಮತ್ತೆ ಮಂಚದ ಮೇಲೆ ಕೂತಳು. ಅಷ್ಟೇ ಅವಳು ಹತ್ತಿದ್ದು.

ಭಾವ ನಾಣ್ಯ ಹಿಡಿದು ಪ್ರತಿ ಮೆಟ್ಟಿಲನ್ನೂ ಬಡಿಯುತ್ತ ಹತ್ತಿದರು. ಮರದ ಮೇಲಿನವು ಮೆತ್ತಗೆ ಮಾತಾಡಿದವು. ತಿರುವಿನಲ್ಲಿ, ಮರ ಮುಗಿದು ಕಬ್ಬಿಣ ಶುರುವಾಗುವಲ್ಲಿ, ಡೊಬ್ ಎಂದಿತು. ಪೊಳ್ಳು! ಇಡೀ ಬಳಗದ ನೆಲ ಬಡಿದು ತಪ್ಪು ಹುಡುಕಿದವರ ಸ್ವಂತ ಮೆಟ್ಟಿಲಲ್ಲಿ ಪೊಳ್ಳು! ಉಳಿಗಾಗಿ ದಡದಡ ಇಳಿದು ಬಂದರು.

"ಅದನ್ನ ಕೀಳಬೇಡಿ" ಎಂದಳು ಅಕ್ಕ. "ಅದಿರ್ಲಿ. ಅದು ಕೇಳಿಸಿದ್ರೆ ನನಗೆ ಗೊತ್ತಾಗತ್ತೆ, ಇನ್ನು ಗಾಳಿ ಶುರು ಅಂತ."

ಭಾವ ಉಳಿಯನ್ನು ಕೆಳಗಿಟ್ಟರು.

ಮೊನ್ನೆ ಹೋಗಿದ್ದೆ. ಸಂಜೆಯಾಯಿತು. ನಾನು ಅಕ್ಕನ ಪಕ್ಕ ಮಂಚದ ಮೇಲೆ ಕೂತು ಹೊದಿಕೆಯ ಮೂಲೆ ಸರಿಮಾಡುತ್ತಿದ್ದೆ. ಭಾವ ಎದ್ದು, ಜೇಬಿನಿಂದ ನಾಣ್ಯ ತೆಗೆದು ಮೆಟ್ಟಿಲು ಹತ್ತತೊಡಗಿದರು. ಒಂದೊಂದು ಮೆಟ್ಟಿಲಿಗೂ ಟಕ್, ಸ್ವಲ್ಪ ನಿಲ್ಲುವುದು, ಮತ್ತೆ ಟಕ್. ಅಕ್ಕನ ವಯಸ್ಸಿನ ಹೆಂಗಸು ಹತ್ತುವಷ್ಟು ನಿಧಾನ. ಅಕ್ಕ ಕಣ್ಣು ಮುಚ್ಚಿದ್ದಳು. ಹೊದಿಕೆಯೊಳಗೆ ಅವಳ ಬಲಗಾಲಿನ ಬೆರಳು ಪ್ರತಿ ಸದ್ದಿಗೂ ಒಮ್ಮೆ ಒತ್ತಿ ಬಿಡುತ್ತಿತ್ತು. ತಿರುವಿನಲ್ಲಿ ಡೊಬ್ ಎಂದಾಗ ದೀರ್ಘವಾಗಿ ಉಸಿರೆಳೆದುಕೊಂಡಳು. ಆಮೇಲೆ ಕಬ್ಬಿಣದ ಸದ್ದು, ಗಂಟೆಯ ಹಾಗೆ, ಮೇಲೆ, ಇನ್ನೂ ಮೇಲೆ.

"ಬಂದ್ಯೇನ?" ಎಂದು ಮೇಲಿಂದ ಕೂಗಿದರು ಭಾವ.

"ಬಂದೆ ರೀ."

"ತಲಿ ಬಗ್ಗಸು!"

ಮಂಚದ ಮೇಲೆ ಅಕ್ಕ ತಲೆ ಬಗ್ಗಿಸಿದಳು. ಅವಳ ಪಕ್ಕದಲ್ಲಿ ನಾನೂ ಬಗ್ಗಿಸಿದೆ.