ಅತ್ತೆಯ ಫೋಟೋಗಾಗಿ ಕೊಂಡ ಕ್ಯಾಮೆರಾ

ಒಂದು ಒಳ್ಳೆಯ ಉದ್ದೇಶ, ಒಂದಿಷ್ಟು ರಜೆ, ಜೊತೆಗೆ ಬೀಗರು. ಈ ಮೂರೂ ಸೇರಿದ ಕಡೆ ಎಡವಟ್ಟುಗಳು ನಡೆಯದೆ ಇರುವುದಿಲ್ಲ. ನಮ್ಮಲ್ಲಿ ಆ ಮೂರೂ ಪ್ರತಿ ಬೇಸಿಗೆಯಲ್ಲೂ ಸೇರುತ್ತಿದ್ದವು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಸಿಂಧನೂರಿನ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದೆ. ಹೆಂಡತಿಯ ತವರು ಮಸ್ಕಿ. ಅವಳ ಅಣ್ಣ, ಅಂದರೆ ನನ್ನ ಭಾವ, ಲಿಂಗಸುಗೂರಿನ ಕಚೇರಿಯೊಂದರಲ್ಲಿ ಗುಮಾಸ್ತರು. ತರ್ಕ ಓದಿದವನು ಮದುವೆಯಾದ ಮೇಲೆ ಅದನ್ನು ತರಗತಿಯಲ್ಲಷ್ಟೇ ಬಳಸಬೇಕು ಎಂಬುದನ್ನು ನಾನು ಕಲಿತದ್ದು ಇವರಿಂದ.

ಅಲುಗಾಡದವರು

ನನ್ನ ಮಾವ ಮಸ್ಕಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಬದುಕಿರುವಷ್ಟು ಕಾಲ ಅವರದೊಂದು ಫೋಟೋ ತೆಗೆಯಬೇಕೆಂದು ಯಾರಿಗೂ ಅನಿಸಲಿಲ್ಲ. ಮಸ್ಕಿಯವರಿಗೆ ಕ್ಯಾಮೆರಾ ಹೊಸದೇನಲ್ಲ. ಅಶೋಕನ ಶಾಸನ ನೋಡಲು ಬಂದವರು ಆ ಬಂಡೆಯನ್ನು ಎಲ್ಲ ದಿಕ್ಕಿನಿಂದಲೂ ತೆಗೆದುಕೊಂಡು ಹೋಗುತ್ತಿದ್ದರು. ಊರಲ್ಲಿ ಫೋಟೋ ತೆಗೆಸಿಕೊಳ್ಳಲು ಒಂದೋ ಬಂಡೆಯಾಗಿರಬೇಕು, ಇಲ್ಲವೇ ಸತ್ತಿರಬೇಕು.

ಮಾವ ಎರಡನೆಯ ದಾರಿ ಹಿಡಿದರು. ರೂಢಿಯಂತೆ ಅವರನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದರು. ಹಣೆಗೆ ವಿಭೂತಿ, ಕೊರಳಿಗೆ ಹಾರ, ತಲೆಗೆ ಹೊಸ ರುಮಾಲು. ಸಿಂಧನೂರಿನಿಂದ ಫೋಟೋದವನು ಬಂದ. ಸುತ್ತ ಮಕ್ಕಳು, ಸೊಸೆ, ಬೀಗರು ನಿಂತರು. ಅಳುವವರು ಅಳುತ್ತಿದ್ದರು, ಮುಂದಿನ ಸಾಲಿಗೆ ಬರಲು ತಳ್ಳುವವರು ತಳ್ಳುತ್ತಿದ್ದರು. ಫೋಟೋದವನು ಅಭ್ಯಾಸಬಲದಿಂದ, "ಜರಾ ಅಲುಗಾಡದಂಗ ಕುಂದರ್ರಿ" ಎಂದ. ಅವನ ಮಾತು ಪಾಲಿಸಿದವರು ಮಾವ ಒಬ್ಬರೇ. ಹೀಗಾಗಿ ಆ ಫೋಟೋದಲ್ಲಿ ಸ್ಪಷ್ಟವಾಗಿ ಬಂದವರೂ ಅವರೊಬ್ಬರೇ.

ಆ ಫೋಟೋ ಗೋಡೆಗೆ ಏರಿದ ದಿನ ನನ್ನ ಹೆಂಡತಿ ಅದರ ಮುಂದೆ ನಿಂತು, "ಅಪ್ಪಂದು ಹೋತು. ಅವ್ವಂದಾದ್ರೂ ಕಣ್ಣು ತೆರದಿದ್ದಾಗ ಒಂದು ತಗಸಬೇಕ್ರಿ" ಎಂದಳು. ಮದುವೆಯಾದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ.

ಅತ್ತೆಯನ್ನು ಸ್ಟುಡಿಯೋಕ್ಕೆ ಕರೆದೊಯ್ಯೋಣ ಎಂದೆ. ಅತ್ತೆ ಒಪ್ಪಲಿಲ್ಲ. ಗಂಡ ತೀರಿಕೊಂಡ ವರ್ಷವೇ ಸ್ಟುಡಿಯೋ ಮೆಟ್ಟಿಲು ಹತ್ತಿದರೆ, ಮುದುಕಿ ಹಿಂದೆಯೇ ಹೊರಡಲು ತಯಾರಿ ನಡೆಸಿದ್ದಾಳೆ ಎಂದು ಓಣಿಯವರು ಆಡಿಕೊಳ್ಳುತ್ತಾರಂತೆ. ಬೇಸಿಗೆ ರಜೆಯಲ್ಲಿ ಎಲ್ಲರೂ ಎಲ್ಲಿಗಾದರೂ ಹೋಗುವುದು, ಅಲ್ಲಿ ಸಹಜವೆಂಬಂತೆ ತೆಗೆದುಬಿಡುವುದು ಎಂದು ತೀರ್ಮಾನವಾಯಿತು. ಅದಕ್ಕೆ ನಮ್ಮದೇ ಕ್ಯಾಮೆರಾ ಬೇಕು. ನಾವು ಹೀಗೆ ನೇರ ದಾರಿ ಬಿಟ್ಟೆವು.

ತೂಕದ ಮಾಲು

ಕ್ಯಾಮೆರಾ ಆರಿಸುವುದು ಹೇಗೆಂದು ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರನ್ನು ಕೇಳಿದೆ. ಅವರು ಕಪ್ಪುಹಲಗೆಯ ಮೇಲೆ ಮಸೂರ ಬರೆದು, ಬೆಳಕಿನ ಕಿರಣ ಬಗ್ಗಿಸಿ, ತಲೆಕೆಳಗಾದ ಮೇಣದಬತ್ತಿಯೊಂದನ್ನು ತೋರಿಸಿದರು. ಯಾವುದು ಕೊಳ್ಳಲಿ ಎಂದರೆ, ತಾವು ಇನ್ನೂ ಒಂದನ್ನೂ ಕೈಯಲ್ಲಿ ಹಿಡಿದಿಲ್ಲ ಎಂದರು.

ಭಾವನಿಗೆ ಇಂಥ ಸಂಕೋಚ ಇರಲಿಲ್ಲ. ಲಿಂಗಸುಗೂರಿನಲ್ಲಿ ದುಬೈಯಿಂದ ಬಂದವನೊಬ್ಬ ಎರಡು ಕ್ಯಾಮೆರಾ ತಂದಿದ್ದಾನೆ, ಆರಿಸುವುದು ತಮಗೆ ಬಿಡಬೇಕು ಎಂದು ಹೇಳಿ ಕಳಿಸಿದರು. ಹೋದೆವು. ಒಂದು ಚಿಕ್ಕದು, ಹಗುರ, ಒತ್ತಿದರೆ ಎಲ್ಲವನ್ನೂ ತಾನೇ ಮಾಡಿಕೊಳ್ಳುವಂಥದು. ಇನ್ನೊಂದು ಕರಿಯದು, ದಪ್ಪ, ಮೈತುಂಬ ತಿರುಗಣೆ. ಭಾವ ಅಂಗೈಗೊಂದರಂತೆ ಹಿಡಿದು, ಸಂತೆಯಲ್ಲಿ ತೆಂಗಿನಕಾಯಿ ತೂಗುವಂತೆ ಮೇಲೆ ಕೆಳಗೆ ಮಾಡಿದರು.

"ಮಾಸ್ತರ, ಇದು ಆಟಿಗಿ ಸಾಮಾನು. ಇದು ನೋಡ್ರಿ, ಮಾಲು."

ಮಾರುವವನು ಪ್ರಾಮಾಣಿಕ. ಮನೆಮಂದಿ ತಿರುಗಾಡುವಾಗ ಒಯ್ಯುವುದಾದರೆ ಚಿಕ್ಕದೇ ಒಳ್ಳೆಯದೆಂದೂ, ತನ್ನ ತಾಯಿ ಕೂಡ ಅದರಿಂದ ಚಂದ ತೆಗೆಯುತ್ತಾಳೆಂದೂ ಹೇಳಿದ. ಅವನು ಹಾಗೆ ಹೇಳಬಾರದಿತ್ತು.

"ಮುದುಕಿ ಒತ್ತಿದ್ರೂ ಫೋಟೋ ಬರ್ತೈತಿ ಅಂದ್ರ, ನಾವು ಗಂಡಸರು ಎದಕ?" ಎಂದರು ಭಾವ. ಅಲ್ಲಿಗೆ ಮುಗಿಯಿತು. ದಪ್ಪದ್ದು ನಮ್ಮದಾಯಿತು. ಅದರ ಜೊತೆ ಬಂದ ಪುಸ್ತಕ ಪೂರ್ತಿ ಅರಬ್ಬಿಯಲ್ಲಿತ್ತು. ಭಾವ ಅದನ್ನೂ ಮೊದಲಿನಿಂದ ಕೊನೆಯವರೆಗೆ ತಿರುವಿ ನೋಡಿ, "ಬರಾಬರ್ ಐತಿ" ಎಂದರು.

ಅಳಿಯನ ಮುಂದೆ

ಆ ಬೇಸಿಗೆಯಲ್ಲಿ ತುಂಗಭದ್ರಾ ಡ್ಯಾಮಿಗೆ ಹೋದೆವು. ಉದ್ಯಾನದಲ್ಲಿ ಹೂವಿನ ಮಡಿಗಳ ಹತ್ತಿರ ಅತ್ತೆಯನ್ನು ಕೂಡಿಸಿದ್ದಾಯಿತು. ಮುಖದ ಮೇಲೆ ಒಳ್ಳೆಯ ಬೆಳಕಿತ್ತು. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದೆ. ಅತ್ತೆ ಸೆರಗನ್ನು ಗದ್ದದವರೆಗೆ ಎಳೆದುಕೊಂಡು ಆ ಕಡೆ ತಿರುಗಿದರು.

ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಆಕೆ ಅಳಿಯನ ಮುಂದೆ ಮುಖ ಕೊಟ್ಟು ನಿಂತವರಲ್ಲ. ನಾನು ಮಸ್ಕಿಗೆ ಹೋದರೆ ಅಡುಗೆಮನೆಯ ಬಾಗಿಲ ಮರೆಯಿಂದಲೇ ಉಪಚಾರ ನಡೆಯುತ್ತಿತ್ತು. ಇನ್ನೊಂದು ರೊಟ್ಟಿ ಬೇಕೇ ಎಂಬುದನ್ನು ಕೂಡ ನನ್ನ ಹೆಂಡತಿಯನ್ನು ಕೇಳುತ್ತಿದ್ದರು, ನಾನು ಎದುರಿಗೇ ಕೂತಿರುವಾಗ. ನಾನು ಆಕೆಯ ಮುಖವನ್ನು ಪೂರ್ತಿಯಾಗಿ ನೋಡಿದ್ದು ಮದುವೆಯ ದಿನ ಒಮ್ಮೆ. ಆಗಲೂ ಅವರು ಬೇರೆ ಯಾರನ್ನೋ ಬೈಯುತ್ತಿದ್ದರು.

ಹೆಂಡತಿ ಕಾಡಿದಳು, ಬೇಡಿದಳು. ಅತ್ತೆ ಸೆರಗಿನೊಳಗಿಂದ ಮಗಳಿಗೆ ಹೇಳಿದರು: "ಅಳಿಯಾರು ಆ ಕಡಿ ಮುಖ ಮಾಡಿ ತಗೀತಾರಂದ್ರ ತಗೀಲಿ, ನಂದೇನೂ ತಕರಾರಿಲ್ಲ."

ಉಳಿಸಿದ ರೋಲು

ಕ್ಯಾಮೆರಾ ಮಗನ ಕೈಗೆ ಹೋಗದೆ ಬೇರೆ ದಾರಿ ಇರಲಿಲ್ಲ. ಭಾವ ಹಿಡಿದುಕೊಂಡರು. ಎಲ್ಲರೂ ಚೌಕಟ್ಟಿನೊಳಗೆ ಬರಲೆಂದು ಹಿಂದೆ ಹಿಂದೆ ಸರಿಯುತ್ತಾ ಹೋಗಿ, ಹೂವಿನ ಮಡಿಗೆ ನೀರು ಹರಿಯುವ ಕಾಲುವೆಯಲ್ಲಿ ಕಾಲಿಟ್ಟರು. ಒಂದು ಚಪ್ಪಲಿ ನೀರಿನ ಜೊತೆ ಹೊರಟಿತು. ಅತ್ತೆ ನಕ್ಕರು. ಸೆರಗು ಹೆಗಲಿಗೆ ಜಾರಿದ್ದು ಗೊತ್ತಾಗದಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗಂಡ ಸತ್ತ ಮೇಲೆ ಆಕೆ ಹಾಗೆ ನಕ್ಕಿರಲಿಲ್ಲವಂತೆ. ಭಾವ ಒಂಟಿ ಚಪ್ಪಲಿಯಲ್ಲಿ ನಿಂತು ಒತ್ತಿದರು. ನನ್ನ ಹೆಂಡತಿ ನನ್ನ ತೋಳು ಹಿಡಿದು, "ಸಿಕ್ಕಳ್ರಿ ಅವ್ವ" ಎಂದಳು.

ರೋಲಿನಲ್ಲಿ ಇನ್ನೂ ಕೆಲವು ಫೋಟೋ ಉಳಿದಿದ್ದವು. ಉಳಿದಿರುವಾಗ ತೊಳೆಸುವುದು ಅನ್ನ ಚೆಲ್ಲಿದಂತೆ ಎಂಬುದು ಭಾವನ ಸಿದ್ಧಾಂತ. ಮುಖ್ಯವಾದದ್ದೇನಾದರೂ ಬರಲಿ, ಆಗ ಮುಗಿಸೋಣ ಎಂದು ಕ್ಯಾಮೆರಾವನ್ನು ಲಿಂಗಸುಗೂರಿಗೆ ಒಯ್ದರು. ಆ ವರ್ಷ ಅವರ ಮನೆಯಲ್ಲಿ ಒಂದು ತೊಟ್ಟಿಲು ಕಾರ್ಯ ಆಯಿತು. ಅದು ಅಷ್ಟು ಮುಖ್ಯವಲ್ಲ. ಒಂದು ಸೀಮಂತ ಆಯಿತು, ಅದೂ ಅಲ್ಲ. ಮೇಲಧಿಕಾರಿ ಊಟಕ್ಕೆ ಬರುವವರಿದ್ದರು, ಬರಲಿಲ್ಲ. ಮಳೆಗಾಲ ಹೋಯಿತು, ಚಳಿಗಾಲ ಬಂತು. ಹೆಂಡತಿ ಪ್ರತಿ ತಿಂಗಳೂ ಕೇಳಿ ಕಳಿಸುತ್ತಿದ್ದಳು. ಉತ್ತರ ಒಂದೇ: ಇನ್ನೂ ಉಳಿದಾವ.

ಸಂಕ್ರಾಂತಿಗೆ ಭಾವ ಎಳ್ಳು ಬೆಲ್ಲದ ಜೊತೆ ಕ್ಯಾಮೆರಾವನ್ನೂ ತಂದು ಮೇಜಿನ ಮೇಲಿಟ್ಟರು. ಮುಖದಲ್ಲಿ ನಮ್ಮ ಮೇಲೆ ಕನಿಕರ.

"ಅದರಾಗ ಏನೂ ಬಂದಿದ್ದಿಲ್ಲ ತಂಗಿ. ಎಷ್ಟು ಉಳಿದಾವ ನೋಡಾಣು ಅಂತ ನಿನ್ನಿ ಬಿಚ್ಚಿದೆ. ಇಡೀ ರೀಲು ಅಂಗಳದಾಗ ಬಿಸಿಲಿಗೆ ಹಿಡಿದು ನೋಡೀನಿ, ಒಂದೂ ಇಲ್ಲ. ಚಲೋನ ಆತು, ತೊಳಸೋ ಖರ್ಚು ಉಳೀತು."

ಕರಿ ಕನ್ನಡಕ

ತೊಳೆಯುವ ಮೊದಲು ರೀಲಿಗೆ ಬೆಳಕು ಸೋಕಿದರೆ ಇದ್ದದ್ದೂ ಅಳಿಸಿಹೋಗುತ್ತದೆಂಬುದು ಆ ಅರಬ್ಬಿ ಪುಸ್ತಕದಲ್ಲಿ ಇದ್ದಿರಬೇಕು. ಆಮೇಲೆ ಕೆಲವು ವರ್ಷ ಹೆಂಡತಿ ಕ್ಯಾಮೆರಾದ ಮಾತೆತ್ತಲಿಲ್ಲ. ಅದು ಟ್ರಂಕಿನಲ್ಲಿ ಚಳಿಗಾಲದ ರಗ್ಗುಗಳ ಕೆಳಗೆ ಮಲಗಿತ್ತು. ತೂಕದ ಮಾಲಾದ್ದರಿಂದ ರಗ್ಗುಗಳಿಗಾಗಲೀ ಅದಕ್ಕಾಗಲೀ ಏನೂ ಆಗಲಿಲ್ಲ.

ಅಷ್ಟರಲ್ಲಿ ಅತ್ತೆಯ ಕಣ್ಣಿಗೆ ಪೊರೆ ಬಂತು. ಲಿಂಗಸುಗೂರಿನಲ್ಲಿ ಉಚಿತ ಶಿಬಿರ ನಡೆದಾಗ ಆಪರೇಷನ್ ಮಾಡಿಸಿದೆವು. ಡಾಕ್ಟರು ಕರಿ ಕನ್ನಡಕ ಕೊಟ್ಟು, ಒಂದಷ್ಟು ದಿನ ಬಿಸಿಲಿಗೆ ಹೋಗುವಾಗ ಹಾಕಿಕೊಳ್ಳಿ ಎಂದರು. ಅತ್ತೆ ಅದನ್ನು ಬಿಸಿಲಿಗೂ ಹಾಕಿಕೊಂಡರು, ನೆರಳಿಗೂ ಹಾಕಿಕೊಂಡರು, ರೊಟ್ಟಿ ಬಡಿಯುವಾಗಲೂ ಹಾಕಿಕೊಂಡರು. ಡಾಕ್ಟರು ಹೇಳಿದ ದಿನಗಳು ಮುಗಿದರೂ ತೆಗೆಯಲಿಲ್ಲ.

ಕಾರಣ ನನಗೆ ಗೊತ್ತಾದದ್ದು ಮುಂದಿನ ರಜೆಯಲ್ಲಿ. ಎಲ್ಲರೂ ಮುದಗಲ್ ಕೋಟೆ ನೋಡಲು ಹೋಗಿದ್ದೆವು. ಬಾಗಿಲ ಹೊರಗಿನ ಕಟ್ಟೆಯ ಮೇಲೆ ಅತ್ತೆ ನನ್ನ ಎದುರಿಗೇ ಬಂದು ಕೂತರು. ತಲೆಯ ಮೇಲೆ ಸೆರಗಿತ್ತು, ಮುಖದ ಮೇಲಿರಲಿಲ್ಲ. ಬೆನ್ನು ನೆಟ್ಟಗೆ, ಮುಖ ನೇರ. ಕರಿ ಗಾಜಿನ ಹಿಂದಿನಿಂದ ತಾನು ಯಾರನ್ನು ನೋಡುತ್ತಿದ್ದೇನೆಂದು ಯಾರಿಗೂ ತಿಳಿಯುವುದಿಲ್ಲ, ಹಾಗಾಗಿ ಮರ್ಯಾದೆಗೆ ಭಂಗವಿಲ್ಲ ಎಂಬುದು ಆಕೆಯ ಲೆಕ್ಕ. ತರ್ಕಶಾಸ್ತ್ರ ಕಲಿಸಿದ ಇಷ್ಟು ವರ್ಷಗಳಲ್ಲಿ ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನೂ ಅಷ್ಟು ದೂರ ಯೋಚಿಸಿದವನಲ್ಲ.

ಹೆಂಡತಿ ಟ್ರಂಕಿನ ತಳದಿಂದ ಕ್ಯಾಮೆರಾ ತೆಗೆದು, ಹೇಳದೆ ಕೇಳದೆ ತನ್ನ ಕೈಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಹೊಸ ರೋಲನ್ನೂ ಹಾಕಿಸಿದ್ದಳು. ಅದನ್ನು ನನ್ನ ಕೈಗಿಟ್ಟು, ತಾಯಿಯ ಮುಂದೆ ಮೊಣಕಾಲೂರಿ ಕೂತು, ಒಂದು ಗಳಿಗೆ ಕನ್ನಡಕ ತೆಗೆ ಎಂದು ಕೇಳಿಕೊಂಡಳು.

"ತೆಗೀಬೇ ಅವ್ವ. ನನಗ ನಿನ್ನ ಕಣ್ಣು ಬೇಕು."

"ತೆಗದ್ರ ಅಳಿಯಾರು ಕಾಣ್ತಾರಲ್ಲವಾ," ಎಂದರು ಅತ್ತೆ.

ಅವಳು ಎದ್ದು ಪಕ್ಕಕ್ಕೆ ಸರಿದಳು. ನಾನು ಫೋಟೋ ತೆಗೆದೆ. ರೋಲು ಮುಗಿಯುವವರೆಗೆ ಕಾಯದೆ ಮರುದಿನವೇ ತೊಳೆಸಲು ಕೊಟ್ಟೆ. ಫೋಟೋ ತುಂಬ ಚೆನ್ನಾಗಿ ಬಂದಿತ್ತು. ಕೋಟೆಯನ್ನು ಗೆದ್ದುಕೊಂಡು ಬಾಗಿಲಲ್ಲಿ ಕೂತವರಂತೆ ಅತ್ತೆ ಕಾಣುತ್ತಿದ್ದರು. ಎರಡು ಗಾಜಿನಲ್ಲೂ ಕ್ಯಾಮೆರಾ ಹಿಡಿದ ಅಳಿಯ ನಿಚ್ಚಳವಾಗಿ ಮೂಡಿದ್ದ.

ದೊಡ್ಡದು ಮಾಡಿಸಿದ್ದು

ಅತ್ತೆ ತೀರಿಕೊಂಡದ್ದು ತೊಂಬತ್ತರ ದಶಕದ ನಡುವಿನಲ್ಲಿ, ಹೆಚ್ಚು ಕಾಯಿಲೆ ಬೀಳದೆ. ಭಾವ ಆಗಲೇ ಫೋಟೋದವನನ್ನು ಕರೆಸಿದ್ದರು. ಗೋಡೆಯ ಮುಂದಿನ ಜಾಗವನ್ನು ಯಾರೋ ಖಾಲಿ ಮಾಡಿಸುತ್ತಿದ್ದರು. ನನ್ನ ಹೆಂಡತಿ ಹೊಸ್ತಿಲಲ್ಲಿ ನಿಂತು ಅವನನ್ನು ಒಳಗೆ ಬಿಡಲಿಲ್ಲ. ಅಷ್ಟು ಜನರ ನಡುವೆ ಅವಳು ಗಟ್ಟಿ ದನಿಯಲ್ಲಿ ಮಾತಾಡಿದ್ದನ್ನು ನಾನು ಕಂಡದ್ದು ಅಂದೇ. ಮುಚ್ಚಿದ ಕಣ್ಣಿನ ಫೋಟೋ ಈ ಮನೆಯಲ್ಲಿ ಇನ್ನೊಂದು ಬೇಡ ಎಂದಳು. ಅವನು ಹೆಗಲ ಚೀಲ ಬಿಚ್ಚದೆಯೇ ಬಸ್‌ಸ್ಟ್ಯಾಂಡಿಗೆ ನಡೆದ.

ಆದರೆ ಶಿವಗಣಾರಾಧನೆಯ ದಿನ ಹಾರ ಹಾಕಲು ಒಂದು ಫೋಟೋ ಬೇಕಲ್ಲ. ಇದ್ದದ್ದು ಮುದಗಲ್ಲಿನದೊಂದೇ. ಕರಿ ಕನ್ನಡಕದ ಮುದುಕಿಗೆ ಪೂಜೆ ಮಾಡಿದರೆ ಜಂಗಮರು ಏನೆಂದಾರು ಎಂಬ ಚಿಂತೆ ಭಾವನಿಗೆ ಹತ್ತಿತು. ಫೋಟೋ ತೆಗೆದುಕೊಂಡು ಲಿಂಗಸುಗೂರಿನ ಸ್ಟುಡಿಯೋಕ್ಕೆ ಹೋದರು. ಅಲ್ಲಿಯವನು ಇಂಥದರಲ್ಲಿ ನುರಿತವನು. ಹರಿದ ಫೋಟೋಕ್ಕೆ ಕಿವಿ ಬರೆಯುತ್ತಿದ್ದ, ರುಮಾಲಿಲ್ಲದವರಿಗೆ ರುಮಾಲು ಸುತ್ತುತ್ತಿದ್ದ, ಒಟ್ಟಿಗೆ ಎಂದೂ ಕೂಡದ ಗಂಡಹೆಂಡಿರನ್ನು ಸತ್ತ ಮೇಲೆ ಒಂದೇ ಕುರ್ಚಿಯ ಎರಡು ಬದಿಗೆ ನಿಲ್ಲಿಸುತ್ತಿದ್ದ. ಕನ್ನಡಕ ತೆಗೆಯುವುದು ಕಷ್ಟವಲ್ಲ, ದೊಡ್ಡದು ಮಾಡಿ ಅದರ ಜಾಗದಲ್ಲಿ ಕಣ್ಣು ಬರೆಯುತ್ತೇನೆ, ಆದರೆ ಗುರುತಿಗೆ ಯಾರದಾದರೂ ಕಣ್ಣು ತೋರಿಸಿ ಎಂದನಂತೆ.

ತಾಯಿಯ ಕಣ್ಣು ಬಂದಿರುವುದು ಮಗಳಿಗೆ ಎಂದು ಇಡೀ ಮಸ್ಕಿಗೆ ಗೊತ್ತು. ಆ ಮಗಳು ಅಂದು ತವರಿನಲ್ಲಿ, ಬರುವ ಜನರಿಗಾಗಿ ಅಕ್ಕಿ ಆರಿಸುತ್ತ ಕೂತಿದ್ದಳು. ಭಾವ ಯಾರನ್ನೂ ಕೇಳಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗ ನಾನೇ ಇರುವಾಗ ಬೇರೆಯವರ ಕಣ್ಣೇಕೆ ಎಂದು ಅವನ ಮುಂದೆ ಸ್ಟೂಲಿನ ಮೇಲೆ, ಕಚೇರಿಯ ಮೇಜಿನ ಹಿಂದೆ ಕೂರುವ ಹಾಗೆಯೇ ಕೂತುಬಿಟ್ಟರು. ಅವನು ಅವರನ್ನು ನೋಡಿ ನೋಡಿ ಬರೆದ. ನಿಜಕ್ಕೂ ನುರಿತವನು, ಇದ್ದದ್ದನ್ನು ಇದ್ದ ಹಾಗೆಯೇ ಬರೆದ.

ಆರಾಧನೆಯ ದಿನ ಬೆಳಿಗ್ಗೆ ಕಾಗದ ಬಿಚ್ಚಿ ಪಡಸಾಲೆಯಲ್ಲಿ ಇಟ್ಟರು. ಅತ್ತೆಯ ಸೆರಗು, ಅತ್ತೆಯ ಮೂಗು, ಅತ್ತೆಯ ನೆಟ್ಟಗಿನ ಬೆನ್ನು. ನಡುವೆ ಎರಡು ಕಣ್ಣು, ಅರ್ಧ ರೆಪ್ಪೆ ಇಳಿಸಿಕೊಂಡು, ಎದುರಿಗಿದ್ದವರನ್ನು ನೋಡಿಯೂ ನೋಡದಂತೆ, ಅವರ ಹೆಗಲಾಚೆ ಇನ್ನೇನನ್ನೋ ನೋಡುತ್ತಿದ್ದವು. ಜನ ಬಂದರು, ಕೈಮುಗಿದರು. ಕೆಲವರು ಕೈಮುಗಿದ ಮೇಲೂ ಏನೋ ಬಾಕಿ ಉಳಿದಿದೆ ಎಂಬಂತೆ ಅಲ್ಲೇ ನಿಂತರು. ಭಾವ ಎಲ್ಲರಿಗೂ, ಕಣ್ಣು ಮಾತ್ರ ಹೆಂಗ ಬಂದಾವ ನೋಡ್ರಿ ಎಂದು ತೋರಿಸುತ್ತಿದ್ದರು.

ನನ್ನ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು ಅದರ ಮುಂದೆ ನಿಂತಳು. ಓಣಿಯ ಹಿರಿಯ ಮುದುಕಿಯೊಬ್ಬಳು ಅವಳ ಬೆನ್ನು ಸವರಿ ಸಮಾಧಾನ ಹೇಳಿದಳು: "ಅಳಬ್ಯಾಡ ಯವ್ವ. ಕಣ್ಣು ತೆರದು ಕುಂತಾಳ ನೋಡು ನಿಮ್ಮವ್ವ. ಇನ್ನೇನು ಬಾಯಿ ಬಿಟ್ಟು ಮಾತಾಡ್ತಾಳ ಅನ್ನಂಗೈತಿ."

"ಮಾತಾಡಾಕತ್ಯಾಳ ಅಜ್ಜಿ," ಎಂದಳು ನನ್ನ ಹೆಂಡತಿ. "ಸಾಹೇಬ್ರು ಊಟಕ್ಕ ಹೋಗ್ಯಾರ, ನಾಳಿ ಬರ್ರಿ ಅನ್ನಾಕತ್ಯಾಳ."