ಸುಣ್ಣ ಬಳಿದವರಿಗೆ ಚಪ್ಪಾಳೆ

ಪೇಂಟರ್: ಗೋಡೆ ಒದ್ದೆ ಇದೆ ಕಣೋ! ಒದ್ದೆ ಗೋಡೆ ಮೇಲೇ ಬಣ್ಣ ಹಚ್ತಿದಾನೆ! ಯಾರಾದ್ರೂ ಹೇಳಬಾರದಾ ಅವನಿಗೆ?

ದರ್ಜಿ: ಯಾರು ಹೇಳ್ತಾರೆ? ಅವನು ಸತ್ತು ನಾನೂರು ವರ್ಷ ಆಯ್ತು. ಸುಮ್ನೆ ನೋಡು.

ಪೇಂಟರ್: ಸಾಯದೆ ಇನ್ನೇನು? ಹೀಗೆ ಕೆಲಸ ಮಾಡಿದ್ರೆ ಮನೆ ಮಾಲೀಕ ಉಳಿಸ್ತಾನಾ?

ಮ್ಯಾಟಿನಿ ಆಟ. ನಡುವಿನ ಸಾಲಿನಲ್ಲಿ ಇಬ್ಬರು ಹಳೆಯ ಗೆಳೆಯರು. ಒಬ್ಬ ಮೂವತ್ತೈದು ವರ್ಷಗಳಿಂದ ಮನೆಗಳಿಗೆ ಬಣ್ಣ ಹಚ್ಚುವವನು, ಇನ್ನೊಬ್ಬ ದರ್ಜಿ. ಪೇಂಟರನ ಏಣಿ ಇರುವುದೂ ದರ್ಜಿಯ ಅಂಗಡಿಯ ಹಿಂದೆಯೇ. ‘ಪೇಂಟರ್ ಒಬ್ಬನ ಕಥೆಯಂತೆ, ನೀನು ನೋಡಲೇಬೇಕು’ ಎಂದು ದರ್ಜಿಯೇ ಕರೆದುಕೊಂಡು ಬಂದಿದ್ದ. ಪರದೆಯ ಮೇಲೆ ರಾಜರ ಕಾಲ. ಗಡ್ಡದ ಚಿತ್ರಕಾರನೊಬ್ಬ ಅರಮನೆಯ ಗೋಡೆಯ ಮುಂದೆ ಕುಂಚ ಹಿಡಿದು ನಿಂತಿದ್ದ. ಬಹಳ ಹೊತ್ತಿನಿಂದ ನಿಂತೇ ಇದ್ದ.

ಪೇಂಟರ್: ಈ ಗೋಡೆ ಶುರುಮಾಡಿ ಎಷ್ಟು ದಿನ ಆಯ್ತಂತೆ?

ದರ್ಜಿ: ಹನ್ನೊಂದು ವರ್ಷ.

ಪೇಂಟರ್: (ಎದ್ದು ನಿಂತು) ಹನ್ನೊಂದು ವರ್ಷಾನಾ!

ಹಿಂದಿನ ಸೀಟಿನ ಹೆಂಗಸು: ಕೂತ್ಕೊಳ್ರೀ!

ಪೇಂಟರ್: ಅಲ್ಲಮ್ಮ, ನೀವೇ ಹೇಳಿ. ನಿಮ್ಮ ಹಾಲ್‌ಗೆ ಬಣ್ಣ ಹಚ್ಚೋಕೆ ನಾನು ಹನ್ನೊಂದು ವರ್ಷ ತಗೊಂಡ್ರೆ ಸುಮ್ನೆ ಇರ್ತೀರಾ?

ಹೆಂಗಸು: ನಮ್ಮನೆಗೆ ಬಂದಿದ್ದವನು ‘ಬ್ರಶ್ ತರ್ತೀನಿ’ ಅಂತ ಹೋಗಿದಾನೆ. ಮೂರು ವರ್ಷ ಆಯ್ತು. ಕೂತ್ಕೊಳ್ಳಿ.

ಪೇಂಟರ್ ಕೂತ. ಅವನಲ್ಲ ತಾನು ಎಂದು ಹೇಳಲು ಒಮ್ಮೆ ತಿರುಗಿದ. ಆದರೆ ಹೌದೋ ಅಲ್ಲವೋ ಎಂದು ಅವನಿಗೇ ಅನುಮಾನ ಬಂದು ಮತ್ತೆ ಮುಂದಕ್ಕೆ ನೋಡಿದ.

ದರ್ಜಿ: ನಿನ್ನ ಕರ್ಕೊಂಡು ಬಂದಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು. ಅದು ಕಲೆ ಕಣೋ, ಕಲೆ!

ಪೇಂಟರ್: ಕಾಣಿಸ್ತಿದೆಯಲ್ಲ, ಅಂಗಿ ತುಂಬಾ ಕಲೆ. ಕೆಲಸಕ್ಕೆ ಹಳೇ ಅಂಗಿ ಹಾಕ್ಕೊಂಡು ಬರಬೇಕು ಅಂತ ಅಷ್ಟೂ ಗೊತ್ತಿಲ್ವಾ?

ದರ್ಜಿ: ಆ ಕಲೆ ಅಲ್ವೋ!

ಪೇಂಟರ್: ಮತ್ಯಾವುದು? ಎಣ್ಣೇದಾ? ಅದು ಹೋಗೋದೇ ಇಲ್ಲ.

ದರ್ಜಿ: ಅಯ್ಯೋ, ಮನುಷ್ಯ ಒಳಗಿಂದ ಉರೀತಾ ಇದಾನೆ ನೋಡೋ! ರಾಣಿ ಬಂದು ನೋಡ್ಲಿ ಅಂತ ಕಾಯ್ತಾ ಇದಾನೆ. ಅಗೋ, ಬಂದಳು ರಾಣಿ. ಆ ನಡಿಗೆ ನೋಡು, ಆ ಕಣ್ಣು ನೋಡು, ಆ... (ಸೀಟಿನಿಂದ ಮುಂದಕ್ಕೆ ಬಾಗಿ) ಥೂ! ಜಿಪ್ಪು!

ಪೇಂಟರ್: ಏನು?

ದರ್ಜಿ: ಬೆನ್ನಿಗೆ ಜಿಪ್ಪು ಹಾಕಿದಾರೆ! ನಾನೂರು ವರ್ಷದ ಹಿಂದೆ ಜಿಪ್ಪು ಎಲ್ಲಿಂದ ಬಂತು? ಅದೂ ಮೆಷಿನ್ ಹೊಲಿಗೆ! ದಾರ ಕೂಡ ಮ್ಯಾಚ್ ಇಲ್ಲ!

ಪೇಂಟರ್: ಆಯಮ್ಮ ಗಂಡನ್ನ ಕಳ್ಕೊಂಡು ಅಳ್ತಿದಾಳೆ, ನೀನು ಬೆನ್ನು ನೋಡ್ತೀಯಲ್ಲೋ, ನಾಚಿಕೆಗೆಟ್ಟವನೇ!

ಹೆಂಗಸು: ಇಬ್ಬರೂ ಬಾಯಿಗೆ ಒಂದು ಜಿಪ್ಪು ಹಾಕ್ಕೊಳ್ಳಿ.

ಮಧ್ಯಂತರದಲ್ಲಿ ದರ್ಜಿ ಶೌಚಾಲಯಕ್ಕೆ ಹೋಗಿ ಬಂದ. ಪೇಂಟರ್ ಮಾತ್ರ ಚಿತ್ರಮಂದಿರದ ಗೋಡೆಯನ್ನು ಉಗುರಿನಿಂದ ಕೆರೆದು ನೋಡಿ, ತಲೆ ಅಲ್ಲಾಡಿಸಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಮಧ್ಯಂತರದ ನಂತರ ಕಥೆ ಕೆಟ್ಟಿತು. ಹಳೆಯ ರಾಜ ಸತ್ತಿದ್ದ. ಹೊಸ ರಾಜನಿಗೆ ಚಿತ್ರ ಹಿಡಿಸಲಿಲ್ಲ. ಗೋಡೆಗೆ ಸುಣ್ಣ ಬಳಿಯಿರಿ ಎಂದು ಅಪ್ಪಣೆಯಾಯಿತು. ಮುದುಕನಾದ ಚಿತ್ರಕಾರ ಕಂಬಕ್ಕೊರಗಿ ನಿಂತ. ನಾಲ್ವರು ಕೆಲಸಗಾರರು ಬಕೆಟ್ಟು ಹಿಡಿದು ಬಂದರು. ಚಿತ್ರದಲ್ಲಿದ್ದ ರಾಣಿಯ ಮುಖದ ಮೇಲೆ ಮೊದಲ ಬಿಳಿ ಪಟ್ಟಿ ಇಳಿಯಿತು. ಚಿತ್ರಮಂದಿರದ ತುಂಬ ಮೂಗೆಳೆಯುವ ಸದ್ದು. ಆ ಸದ್ದಿನ ನಡುವೆ ಒಬ್ಬನೇ ಒಬ್ಬ ಎದ್ದು ನಿಂತು ಚಪ್ಪಾಳೆ ಹೊಡೆಯತೊಡಗಿದ.

ಪೇಂಟರ್: ಭಲೇ! ಭಲೇ! ಕೈ ಅಂದ್ರೆ ಇದು! ಮೇಲಿಂದ ಕೆಳಗೆ ಒಂದೇ ಎಳೆತ, ನೆಲಕ್ಕೆ ಒಂದು ಹನಿ ಬಿದ್ದಿಲ್ಲ!

ದರ್ಜಿ: ಕೂತ್ಕೊಳೋ ಪಾಪಿ! ಎಲ್ಲರೂ ಅಳ್ತಿದಾರೆ!

ಪೇಂಟರ್: ನಾನೂ ಅಳ್ತಾ ಇದೀನಿ ಕಣೋ! ನಮ್ಮೋರನ್ನ ಪರದೆ ಮೇಲೆ ನೋಡಿದ್ದು ಇದೇ ಮೊದಲು!

ಹೆಂಗಸು ಕೈಚೀಲದಿಂದ ಅವನ ಬೆನ್ನಿಗೆ ಎರಡು ಬಿಟ್ಟಳು. ಟಾರ್ಚು ಹಿಡಿದವನು ಬಂದ.

ಟಾರ್ಚಿನವನು: ಯಾರ್ರೀ ಚಪ್ಪಾಳೆ ಹೊಡೆದಿದ್ದು?

ದರ್ಜಿ: ಇವನು ಯಾರೋ ನನಗೆ ಗೊತ್ತೇ ಇಲ್ಲ.

ಪೇಂಟರ್: ಸುಳ್ಳು ಸ್ವಾಮಿ. ನನ್ನ ಪ್ಯಾಂಟು ಹೊಲಿದಿದ್ದೇ ಅವನು. ನೋಡಿ, ಒಂದು ಕಾಲು ಗಿಡ್ಡ.

ಟಾರ್ಚಿನವನು ಕಾಲಿಗೆ ಬೆಳಕು ಬಿಟ್ಟು ನೋಡಿ, ಇಬ್ಬರನ್ನೂ ಹೊರಗೆ ಕಳಿಸಿದ.

ಮೆಟ್ಟಿಲ ಮೇಲೆ ಕಣ್ಣು ಕುಕ್ಕುವ ಬಿಸಿಲು. ದರ್ಜಿ ಮೂರು ಮೆಟ್ಟಿಲು ಇಳಿದು, ನಿಂತು, ತಿರುಗಿದ. 

ದರ್ಜಿ: ನಿನಗೆಲ್ಲಿ ಅರ್ಥ ಆಗಬೇಕು! ನೀನೂ ಆ ನಾಲ್ಕು ಜನದಲ್ಲಿ ಒಬ್ಬ. ಇಪ್ಪತ್ತೆರಡು ವರ್ಷದಿಂದ ಹೊಟ್ಟೇಲಿ ಇಟ್ಕೊಂಡಿದೀನಿ.

ಪೇಂಟರ್: ಏನು, ಹುಣ್ಣಾ? ಡಾಕ್ಟರಿಗೆ ತೋರಿಸಬಾರದಿತ್ತಾ?

ದರ್ಜಿ: ಮಾತು ಕಣೋ! ನಮ್ಮ ಮಲಗೋ ಕೋಣೆ ಗೋಡೆ ಮೇಲೆ ನನ್ನ ಮಗಳು ಚಿತ್ರ ಬರೆದಿದ್ಲು. ನಾನು ಅಂಗಡಿಯಿಂದ ಬರೋ ಹೊತ್ತಿಗೆ ಎಲ್ಲಾ ಹಸಿರು ಮಾಡಿಟ್ಟಿದ್ದೆ ನೀನು. ಅವಳೀಗ ಎರಡು ಮಕ್ಕಳ ತಾಯಿ. ಅವಳು ಚಿಕ್ಕೋಳಾಗಿದ್ದಾಗಿನ ಒಂದು ಗೆರೆ ನನ್ನ ಹತ್ರ ಇಲ್ಲ.

ಪೇಂಟರ್: ಯಾವ ಚಿತ್ರ? ಆ ಕತ್ತಿಗೆ ಅಳತೆ ಟೇಪು ಹಾಕ್ಕೊಂಡಿದ್ದ ಕತ್ತೇನಾ?

ದರ್ಜಿ: ಕತ್ತೆ ಅಲ್ಲ, ಕುದುರೆ! ಅಪ್ಪ ಹಗಲೂ ರಾತ್ರಿ ದುಡೀತಾನೆ ಅಂತ ಕುದುರೆ ಬರೆದಿದ್ಲು.

ಪೇಂಟರ್: ಕಿವಿ ಮೊಳ ಉದ್ದ ಇತ್ತಲ್ಲೋ...

ದರ್ಜಿ: ಐದು ವರ್ಷದ ಮಗು! ಕಿವಿಗೇನು ಅಳತೆ ಹಿಡೀತಾಳಾ?

ಪೇಂಟರ್ ತಲೆ ಕೆರೆದುಕೊಂಡ. 

ಪೇಂಟರ್: ನಾನದನ್ನ ಬಳೀಲಿಲ್ಲ ಕಣೋ.

ದರ್ಜಿ: ಏನಂದೆ?

ಪೇಂಟರ್: ಅಷ್ಟು ಜಾಗ ಬಿಟ್ಟು ಸುತ್ತ ಹಚ್ಚಿದೆ. ಬೀರು ತಳ್ಳಿ ಅದರ ಮುಂದೆ ನಿಲ್ಲಿಸಿದೆ. ಅಲ್ವೋ, ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲನಾದ್ರೂ ಬೀರು ಸರಿಸಿ ಕಸ ಗುಡಿಸಿಲ್ವಾ?

ದರ್ಜಿ: ಯಾಕೆ ಬಿಟ್ಟೆ?

ಪೇಂಟರ್: ಕೈ ಬರಲಿಲ್ಲ. ಬಣ್ಣನೂ ಸಾಲ್ತಾ ಇರಲಿಲ್ಲ ಅನ್ಕೋ. ಆದ್ರೆ ನಿಜವಾಗಿ, ಕೈ ಬರಲಿಲ್ಲ.

ದರ್ಜಿ: ಮತ್ತೆ ಹೇಳಬಾರದಿತ್ತಾ?

ಪೇಂಟರ್: ಹೇಳಿದ್ರೆ ‘ಕೆಲಸ ಅರ್ಧ ಬಿಟ್ಟಿದೀಯ’ ಅಂತ ನೀನೇ ಜಗಳ ತೆಗೀತಿದ್ದೆ.

ಅದು ನಿಜವಾಗಿತ್ತು. ಇಬ್ಬರೂ ವಯಸ್ಸು ಮರೆತು ಮನೆಯ ಕಡೆ ಓಡಿದರು. ಪೇಂಟರ್ ಬೀರುವಿಗೆ ಹೆಗಲು ಕೊಟ್ಟ, ದರ್ಜಿ ಎಳೆದ. ಹಿಂದಿನಿಂದ ಒಂಟಿ ಚಪ್ಪಲಿ, ತುಕ್ಕು ಹಿಡಿದ ಕತ್ತರಿ, ಇಪ್ಪತ್ತೆರಡು ವರ್ಷದ ಧೂಳು ಬಂತು. ಧೂಳು ಇಳಿದಾಗ ಹಸಿರು ಗೋಡೆಯ ನಡುವೆ ಟವೆಲಿನಷ್ಟು ಬಿಳಿ ಜಾಗ. ಅದರಲ್ಲಿ ನಾಲ್ಕು ಕಾಲು, ಉದ್ದ ಕಿವಿ, ಕತ್ತಿಗೆ ಟೇಪು. ದರ್ಜಿ ಅಂಗೈಯಿಟ್ಟು ಸವರಿದ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಸದ್ದಿಗೆ ಅವನ ಹೆಂಡತಿ ಅಡುಗೆಮನೆಯಿಂದ ಬಂದಳು.

ಹೆಂಡತಿ: ಅಯ್ಯೋ, ಇದು ಇನ್ನೂ ಇದೆಯಾ!

ದರ್ಜಿ: ನೋಡೇ, ನಮ್ಮ ಮಗಳ ಕೈ! ಐದು ವರ್ಷದ ಕೂಸು, ಅಪ್ಪನ ಮೇಲೆ ಎಷ್ಟು ಪ್ರೀತಿ ಇದ್ರೆ...

ಹೆಂಡತಿ: ಮಗಳಾ? ಅಷ್ಟು ಎತ್ತರಕ್ಕೆ ಐದು ವರ್ಷದ ಕೂಸಿನ ಕೈ ಎಟುಕತ್ತೇನ್ರೀ?

ದರ್ಜಿಯ ಕೈ ಕುದುರೆಯ ಬೆನ್ನಿನ ಮೇಲೇ ನಿಂತಿತು.

ಪೇಂಟರ್: ಮತ್ತೆ ಯಾರು ಬರೆದಿದ್ದು ಅತ್ತಿಗೆ?

ಹೆಂಡತಿ: ನಾನೇ. ನನ್ನ ತಂಗಿ ಮದುವೆ ಬಟ್ಟೇನ ಇವರು ಪಕ್ಕದ ಮನೆ ಅಜ್ಜಿ ಅಳತೆಗೆ ಹೊಲಿದು ಕೊಟ್ಟಿದ್ರಲ್ಲ, ಅವತ್ತು. ಮನೆ ತುಂಬಾ ನೆಂಟರು, ಜಗಳ ಆಡೋ ಹಾಗಿರಲಿಲ್ಲ. ಬರೆದುಬಿಟ್ಟೆ.

ದರ್ಜಿ: ಹಾಗಾದ್ರೆ ಇದು... ಕುದುರೆ ಅಲ್ವಾ?

ಅವಳು ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ ಗೋಡೆಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. ಅವನ ಜೇಬಿಗೆ ಕೈಹಾಕಿ ಗುರುತು ಹಾಕುವ ಚಾಕ್‌ಪೀಸು ತೆಗೆದುಕೊಂಡಳು.

ಹೆಂಡತಿ: ಮೂತಿ ಆವಾಗ ಸರಿಯಾಗಿ ಬಂದಿರಲಿಲ್ಲ. ಸ್ವಲ್ಪ ಬೆಳಕಿಗೆ ನಿಲ್ಲಿ ನೋಡೋಣ. ಹಾಂ, ಹಾಗೇ. ಅಲ್ಲಾಡಬೇಡಿ.